ಇನ್ನೂರಕ್ಕೆ ಇಳಿಯೋವರೆಗೂ

ಜುಲೈ 8, ಸೋಮವಾರ. ಮಧ್ಯಾಹ್ನ 3

ಅರವತ್ತೆರಡು ಪೇಷಂಟು. ಇನ್ನೂ ಊಟ ಇಲ್ಲ.

ಹನ್ನೊಂದಕ್ಕೆ ಕರೆಂಟು ಹೋಯ್ತು. ಯುಪಿಎಸ್ಸೂ ಕೈಕೊಡ್ತು. ಮಕ್ಕಳ ಲಸಿಕೆ ಪೂರ್ತಿ ಫ್ರಿಜ್ಜಲ್ಲಿ. ದೇವಿರಮ್ಮ ಅದನ್ನೆಲ್ಲ ಐಸ್ ಡಬ್ಬಕ್ಕೆ ತುಂಬ್ತಾ ಇದ್ರೆ ಹೊರಗೆ ಟೋಕನ್ನಿಗೆ ಜಗಳ. ಹದಿನೆಂಟು ವರ್ಷದಿಂದ ನನ್ನ ಕ್ಲಿನಿಕ್ಕಲ್ಲಿ ನರ್ಸು ಅವಳು. ಒಂದು ದಿನ ಸಿಟ್ಟಾಗಿದ್ದು ನೋಡಿಲ್ಲ. ಇಬ್ಬರ ಪಾಲಿನ ಸಿಟ್ಟೂ ನಾನೇ ಮಾಡ್ಕೋತೀನಿ.

ವೈದ್ಯನಾಥಪುರದ ಕೆಂಪಯ್ಯ ಬಂದಿದ್ದ. ಬರೀ ನೆಗಡಿ. "ಒಂದು ಸೂಜಿ ಚುಚ್ಚಿ ಕಳ್ಸವ್ವಾ, ಗದ್ದೆ ತಾವ್ಕೆ ಓಗ್ಬೇಕು." ಸೂಜಿ ಬೇಡ, ಬಿಸಿನೀರು ಕುಡಿ, ಮೂರು ದಿನದಲ್ಲಿ ಹೋಗುತ್ತೆ ಅಂದೆ. "ಬಿಸ್ನೀರು ಕುಡಿಯಕ್ಕೆ ಮದ್ದೂರ್ಗಂಟ ಬರ್ಬೇಕಾಗಿತ್ತಾ ರೂಪ ಡಾಕ್ಟ್ರೇ?" ಎದ್ದು ಹೋದ. ಎಲ್ಲಿಗೆ ಅಂತ ಗೊತ್ತು. ಹಿಂದಿನ ಬೀದೀಲಿ ಒಬ್ಬ ಇದಾನೆ. ಡಿಗ್ರಿ ಇಲ್ಲ, ಬೋರ್ಡ್ ಇದೆ. ಕೇಳಿದೋರಿಗೆಲ್ಲ ಸೂಜಿ. ನಾನು ಇಪ್ಪತ್ತು ವರ್ಷದಿಂದ ಬಾಯಿ ಬಡ್ಕೊಂಡಿದ್ದೇ ಬಂತು...

ಕೊನೆಗೆ ಬಷೀರುನ್ನೀಸಾ. ಐವತ್ತೆಂಟು ವರ್ಷ. ಟೈಲರ್. ಈ ಊರಿನ ಅರ್ಧ ಹೆಂಗಸರ ಬ್ಲೌಸು ಅವರ ಹೊಲಿಗೆ — ನಂದೂ ಸೇರಿ. ಷುಗರ್ 386. ಬಲ ಅಂಗಾಲಲ್ಲಿ, ಹೆಬ್ಬೆರಳ ಬುಡಕ್ಕೆ, ಹುಣ್ಣು. ಮಿಷನ್ ತುಳಿಯೋ ಜಾಗಕ್ಕೆ ಸರಿಯಾಗಿ. ನೋವೇ ಇಲ್ಲ ಅಂತಾರೆ. ನೋವಿಲ್ದೇ ಇರೋದೇ ಅಪಾಯ, ನರಕ್ಕೆ ಗೊತ್ತಾಗ್ತಿಲ್ಲ ಅಂತ ಅರ್ಥ — ಹೋದ ತಿಂಗಳೂ ಹೇಳಿದ್ದೆ. ಮಿಷನ್ ತುಳೀಬೇಡಿ ಅಂದಿದ್ದೆ. ಇನ್ಸುಲಿನ್ ತಗೊಳ್ಳಿ ಅಂದಿದ್ದೆ. ಒಂದೂ ಮಾಡಿಲ್ಲ.

"ಸ್ಕೂಲ್ ಯೂನಿಫಾರ್ಮ್ ಸೀಸನ್ ಮೇಡಂ. ಇದೊಂದು ಮುಗೀಲಿ."

ಬೈದೆ. ಎಲ್ಲರ ಮುಂದೆ ಬೈದೆ. ಫೈಲ್ ಎತ್ತಿ ಟೇಬಲ್ ಮೇಲೆ ಕುಕ್ಕಿದೆ. "ಷುಗರ್ ಇನ್ನೂರಕ್ಕೆ ಇಳಿಯೋವರೆಗೂ ನನಗೆ ಮುಖ ತೋರಿಸ್ಬೇಡಿ" ಅಂದೆ. ಸೆರಗು ಸರಿ ಮಾಡ್ಕೊಂಡು ಎದ್ದು ಹೋದ್ರು. ಕೆಲವರಿಗೆ ಹಾಗೆ ಹೇಳಿದ್ರೇನೇ ತಲೆಗೆ ಹೋಗೋದು. ಗುರುವಾರ ಡ್ರೆಸ್ಸಿಂಗಿಗೆ ಬರ್ಬೇಕು ಅಂತ ಚೀಟೀಲೂ ಬರೆದಿದೀನಿ.

ಜುಲೈ 12, ಶುಕ್ರವಾರ

ನಿನ್ನೆ ಬಷೀರುನ್ನೀಸಾ ಬರಲಿಲ್ಲ. ಇವತ್ತೂ ಇಲ್ಲ.

ಬಿಪಿ ಮಾತ್ರೆ ನಿಲ್ಲಿಸಿ ಬಂದೋರು ಮೂರು ಜನ. "ಈಗ ಚೆನ್ನಾಗದೆ ಅಂತ ಬುಟ್ಬುಟ್ಟೆ." ಚೆನ್ನಾಗಿರೋದೇ ಮಾತ್ರೆಯಿಂದ ಅಂತ ಇವರಿಗೆ ಯಾವ ಭಾಷೇಲಿ ಹೇಳೋದು? ಕೂಗಿ ಕೂಗಿ ಗಂಟಲು ಕಿತ್ತುಹೋಗಿದೆ.

ಜುಲೈ 22, ಸೋಮವಾರ. ಸಂಜೆ

ಎರಡು ವಾರ. ಡ್ರೆಸ್ಸಿಂಗ್ ಇಲ್ಲ, ಏನಿಲ್ಲ. ಬಷೀರುನ್ನೀಸಾ ಮಗ ಗಫಾರ್‌ಗೆ ಫೋನ್ ಮಾಡಿದೆ. ಮಳವಳ್ಳಿ ರಸ್ತೇಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ ಅವನದು.

"ಅಮ್ಮ ಬತ್ತೀನಿ ಬತ್ತೀನಿ ಅಂತಾನೇ ಅವ್ರೆ ಮೇಡಂ. ಸೀಸನ್ನು ನೋಡಿ, ನಂಗೂ ಅಂಗ್ಡಿ ಬುಟ್ಟು ಬರಕಾಯ್ತಿಲ್ಲ."

ಸೀಸನ್! ತಾಯಿಗೆ ಯೂನಿಫಾರ್ಮ್ ಸೀಸನ್, ಮಗನಿಗೆ ಮೋಟಾರ್ ಸೀಸನ್. ಹುಣ್ಣಿಗೂ ಒಂದು ಸೀಸನ್ ಇದೆ ಕಣಪ್ಪ ಅಂದು ಫೋನ್ ಇಟ್ಟೆ. ನನಗೇನು? ಬಂದೋರಿಗೆ ನೋಡ್ತೀನಿ. ಬರ್ದೇ ಇರೋರನ್ನ ಹೊತ್ಕೊಂಡು ಬರಕ್ಕಾಗಲ್ಲ.

ಆಗಸ್ಟ್ 24, ಶನಿವಾರ. ಮಧ್ಯಾಹ್ನ 2

ಒಂದು ತಿಂಗಳಾಯ್ತು ಬರೆದು. ಡೆಂಗ್ಯೂ. ದಿನಕ್ಕೆ ನೂರು ಜನ. ಊಟ, ನಿದ್ದೆ, ಬೈಗುಳ — ಎಲ್ಲ ನಿಂತುಕೊಂಡೇ.

ಇವತ್ತು ಜಾಕಿಯಾ ಬಂದಿದ್ಲು. ಗಫಾರ್ ಹೆಂಡತಿ. ಮಗಳು ಅಕ್ಸಾಗೆ ಜ್ವರ. ಹನ್ನೊಂದು ವರ್ಷದ ಹುಡುಗಿ. ಗಂಟಲು ನೋಡ್ತಾ ಸುಮ್ನೆ ಕೇಳಿದೆ — ಅಜ್ಜಿ ಹೇಗಿದಾರೆ?

"ಅಜ್ಜಿ ವಾರಕ್ಕೆರಡು ಸಲ ಮೆಡಿಕಲ್ಸಲ್ಲಿ ಷುಗರ್ ನೋಡಿಸ್ತಾರೆ. ನಾನೇ ಕ್ಯಾಲೆಂಡರಲ್ಲಿ ಬರೆಯೋದು. ಇನ್ನೂರಕ್ಕೆ ಬಂದ ತಕ್ಷಣ ನಿಮ್ಮ ಹತ್ರ ಬರ್ತಾರಂತೆ."

ಮಗು ಎಷ್ಟು ಹೆಮ್ಮೆಯಿಂದ ಹೇಳ್ತು ಅಂದ್ರೆ...

ನನಗೆ ಮೊದಲು ಬಂದಿದ್ದು ಸಿಟ್ಟೇ. ಜಾಕಿಯಾ ಮೇಲೆ. "ನಿನಗಾದ್ರೂ ಬುದ್ಧಿ ಬೇಡ್ವಾ? ಕಾಲಲ್ಲಿ ಹುಣ್ಣು ಇಟ್ಕೊಂಡು ನಂಬರ್ ನೋಡ್ತಾ ಕೂತ್ಕೋತಾರಾ ಯಾರಾದ್ರೂ?"

ಜಾಕಿಯಾ ಮಗಳ ತಲೆಗೆ ದುಪಟ್ಟಾ ಹೊದಿಸಿದ್ಲು. ನಿಧಾನಕ್ಕೆ ಅಂದ್ಲು, "ನೀವೇ ಅಂದಿದ್ರಂತಲ್ಲ ಮೇಡಂ. ಅಲ್ಲೀವರೆಗೂ ಮುಖ ತೋರಿಸ್ಬೇಡಿ ಅಂತ. ನಾನು ಕರೆದೆ. ಇನ್ನೊಂದು ಸಲ ಆ ಥರ ಅನ್ನಿಸ್ಕೊಳಕ್ಕೆ ನಂಗಾಗಲ್ಲ ಅಂದ್ರು."

ಹೊರಗೆ ಇಪ್ಪತ್ತು ಜನ ಕಾಯ್ತಿದ್ರು. ಎದ್ದೆ. ದೇವಿರಮ್ಮಂಗೆ ಬ್ಯಾಗ್ ತಗೋ ಅಂದೆ.

ಅದೇ ದಿನ. ಸಂಜೆ 6. ಮಂಡ್ಯ, ನರ್ಸಿಂಗ್ ಹೋಮ್

ಬರೆದು ಮುಗಿಸ್ಬೇಕು. ಇಲ್ದಿದ್ರೆ ನಾಳೆ ನನಗೆ ಬೇಕಾದ ಹಾಗೆ ನೆನಪಿಟ್ಕೋತೀನಿ.

ಅವರ ಮನೆ ಕ್ಲಿನಿಕ್ಕಿಂದ ಎಂಟು ನಿಮಿಷ. ನಡ್ಕೊಂಡು. ಎಂಟೇ ನಿಮಿಷ.

ಬಾಗಿಲಲ್ಲೇ ವಾಸನೆ. ಅದನ್ನ ಮುಚ್ಚೋಕೆ ಊದುಬತ್ತಿ. ಬಷೀರುನ್ನೀಸಾ ಮಿಷನ್ ಮುಂದೇನೇ ಇದ್ರು. ನನ್ನ ನೋಡಿದ್ದೇ ಎದ್ದು ನಿಲ್ಲೋಕೆ ಹೋದ್ರು, ಆಗಲಿಲ್ಲ. ಅರ್ಧಕ್ಕರ್ಧ ಇಳಿದುಹೋಗಿದಾರೆ. ಒಂದೇ ಹೊತ್ತು ಊಟ ಅಂತೆ. ಬೆಳಿಗ್ಗೆ ಬರೀ ಮೆಂತ್ಯದ ನೀರು. ಕಾಲಿಗೆ ಬ್ಲೌಸಿನ ಲೈನಿಂಗ್ ಬಟ್ಟೆ ಸುತ್ತಿದ್ರು. ದಿನಾ ಒಗೆದು, ಅಂಚು ಮಡಿಸಿ ಹೊಲಿದ ಪಟ್ಟಿ.

"ಇನ್ನೂರ ಹದಿನೆಂಟಕ್ಕೆ ಬಂದಿತ್ತು ಮೇಡಂ," ಅಂದ್ರು. "ಇನ್ನು ಹದಿನೆಂಟೇ ಉಳಿದಿತ್ತು. ಅದ್ಯಾಕೋ ಮತ್ತೆ ಏರ್ಬುಡ್ತು."

ಗೋಡೇಲಿ ಕ್ಯಾಲೆಂಡರ್. ಅಕ್ಸಾ ಬರವಣಿಗೆ, ಕೆಂಪು ಸ್ಕೆಚ್ ಪೆನ್ನು. 340. 296. 251. 218. ಆಮೇಲೆ 263. 310. 355. ಯಾಕೆ ಏರಿತು ಅಂತ ಯಾವ ಮೆಡಿಕಲ್ ಸ್ಟೂಡೆಂಟೂ ಹೇಳ್ತಾನೆ. ಕಾಲು ಕೊಳೀತಾ ಇತ್ತು. ಕೀವು ಏರಿದ ಹಾಗೆ ಷುಗರ್ ಏರ್ತಿತ್ತು. ಷುಗರ್ ಏರಿದ ಹಾಗೆ ಅವರು ಊಟ ಬಿಡ್ತಿದ್ರು.

ಪಟ್ಟಿ ಬಿಚ್ಚಿದೆ. ಹೆಬ್ಬೆರಳು ಕಪ್ಪು. ಪಕ್ಕದ್ದು ಎರಡೂ. ಪಾದ ಊದಿ ಕಣಕಾಲಿನ ಮೇಲೂ ಕೆಂಪು ಹತ್ತಿದೆ. ದೇವಿರಮ್ಮ ಮುಖ ಆ ಕಡೆ ತಿರುಗಿಸಿದ್ಲು. ಹದಿನೆಂಟು ವರ್ಷದಲ್ಲಿ ಅದೇ ಮೊದಲು.

ಗಫಾರ್ ಗೂಡ್ಸ್ ಆಟೋ ತಂದ. ಹಿಂದೆ ಹಾಸಿಗೆ ಹಾಕಿ ಮಲಗಿಸಿದ್ವಿ. ಮಂಡ್ಯದವರೆಗೂ ನಾನು, ದೇವಿರಮ್ಮ ಹಿಂದೆಯೇ ಕೂತು ಬಂದ್ವಿ. ದಾರೀಲಿ ದೇವಿರಮ್ಮನ್ನ ಮೆಲ್ಲಗೆ ಕೇಳಿದೆ — ಆವತ್ತು ನಾನು ಬೈದಿದ್ದು ನೀನು ಕೇಳಿಸ್ಕೊಂಡಿದ್ದೆ ತಾನೆ?

"ಊಂ. ಅವ್ರು ಮೆಟ್ಲು ಇಳೀವಾಗ ಅಳ್ತಿದ್ರು. ನಿಮ್ಗೆ ಏಳ್ಬೇಕು ಅನ್ಕಂಡೆ."

"ಯಾಕೆ ಹೇಳಲಿಲ್ಲ?"

"ನಂಗೂ ಬೈತಿದ್ರಿ."

ಆಗಸ್ಟ್ 26, ಸೋಮವಾರ

ಬೆಳಿಗ್ಗೆ ಆಪರೇಷನ್. ಮೊಣಕಾಲ ಕೆಳಗಿಂದ ತೆಗೆದ್ರು. ಸರ್ಜನ್ ರಾಜೇಂದ್ರ, ನನ್ನ ಬ್ಯಾಚ್‌ಮೇಟ್. ಕೈ ಒಳ್ಳೇದು. "ಹದಿನೈದು ದಿನ ಮುಂಚೆ ಬಂದಿದ್ರೆ ಬೆರಳಲ್ಲೇ ಮುಗೀತಿತ್ತು" ಅಂದ.

ಕಾರಿಡಾರಲ್ಲಿ ಗಫಾರ್ ಗೋಡೆಗೆ ಒರಗಿ ಕೆಳಗೆ ಕೂತಿದ್ದ. ನನಗೆ ಬೈತಾನೆ ಅಂತ ಕಾದೆ. ಬೈದಿದ್ರೆ ಚೆನ್ನಾಗಿತ್ತು. ಅವನು ಕೈ ನೋಡ್ಕೋತಾ ಅಂದ, "ಇಡೀ ತಾಲೂಕಿನ ಮೋಟಾರ್ ಕಟ್ಟಿಕೊಡ್ತೀನಿ ಮೇಡಂ. ನಮ್ಮಮ್ಮನ ಮಿಷನ್ಗೆ ಒಂದು ಮೋಟಾರ್ ಕೂರಿಸಿಕೊಡ್ಬೇಕು ಅಂತ ತಲೇಗೇ ಬರ್ಲಿಲ್ಲ. ಅರ್ಧ ದಿನದ ಕೆಲ್ಸ."

ನನ್ನ ತಲೆಗೂ ಬರಲಿಲ್ಲ. ತುಳೀಬೇಡಿ, ತುಳೀಬೇಡಿ ಅಂತ ಬಂದಾಗೆಲ್ಲ ಕಿರುಚಿದೆ. ತುಳೀದೇ ಹೇಗೆ ಹೊಲೀತೀರಿ ಅಂತ ಒಂದು ಸಲ ಕೇಳಲಿಲ್ಲ.

ಆಗಸ್ಟ್ 27, ಮಂಗಳವಾರ

ಕೇಸ್ ಷೀಟ್ ನೋಡಿದೆ. ಡ್ಯೂಟಿ ಡಾಕ್ಟರ್ ಬರೆದಿದಾನೆ — "ಡಿಫಾಲ್ಟರ್. ಫಾಲೋ ಅಪ್‌ಗೆ ಬಂದಿಲ್ಲ. ವೈದ್ಯರ ಸಲಹೆ ನಿರ್ಲಕ್ಷಿಸಿದ್ದಾರೆ."

ಮೈಯೆಲ್ಲ ಉರೀತು. ಯಾರು ನಿರ್ಲಕ್ಷಿಸಿದ್ದು? ಇವರಷ್ಟು ಅಕ್ಷರಕ್ಕಕ್ಷರ ನನ್ನ ಮಾತು ಕೇಳಿದ ಪೇಷಂಟು ಇಪ್ಪತ್ತು ವರ್ಷದಲ್ಲಿ ಇನ್ನೊಬ್ಬರಿಲ್ಲ.

ರಾಜೇಂದ್ರನ ರೂಮಿಗೆ ಹೋದೆ. "ಇದನ್ನ ಹೊಡೆದುಹಾಕ್ಸು. ಡಾಕ್ಟರೇ ಬರಬೇಡ ಅಂದಿದ್ರು ಅಂತ ಬರೆಸು."

"ಹಾಗೆಲ್ಲ ಯಾರೂ ಬರೆಯಲ್ಲ ರೂಪಾ. ಸಿಟ್ಟಲ್ಲಿ ಒಂದು ಮಾತು ಅಂದಿರ್ತೀಯ. ನಾವೆಲ್ಲ ಅಂತೀವಿ."

"ಅದಕ್ಕೇ ಬರೀಬೇಕು."

"ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ?"

"ಹಾಕ್ಲಿ. ಅವರ ಕಾಲು ಅದು."

ಬಾಗಿಲು ಹಾಕಿ ಬಾ, ಮೆಲ್ಲಗೆ ಮಾತಾಡು ಅಂದ. ಹಾಕಲಿಲ್ಲ. ಕೊನೆಗೆ ಹಳೇದನ್ನ ಒಂದು ಗೆರೆ ಎಳೆದು ಹೊಡೆದುಹಾಕಿಸ್ದ. ಕೆಳಗೆ ನನ್ನ ಹೇಳಿಕೆ ನಾನೇ ಬರೆದೆ. ಜುಲೈ 8ರ ಮಾತು, ಆಡಿದ ಹಾಗೇ. ಸಹಿ, ರಿಜಿಸ್ಟ್ರೇಷನ್ ನಂಬರ್, ತಾರೀಖು. ಬರೆಯೋವಾಗ ಎರಡು ಸಲ ಪೆನ್ನು ಕೆಳಗಿಟ್ಟೆ. ಹೆದರಿಕೆಗೆ ಅಂತ ಒಪ್ಕೋಬೇಕು. ಪಶ್ಚಾತ್ತಾಪ ಅಂತ ಬರೆದ್ರೆ ಸುಳ್ಳಾಗುತ್ತೆ.

ಸೆಪ್ಟೆಂಬರ್ 5, ಗುರುವಾರ

ಡಿಸ್ಚಾರ್ಜ್ ಆಗಿ ಮನೆಗೆ ಬಂದಿದಾರೆ. ಹೋದೆ. ಜಾಕಿಯಾ ಕುರ್ಚಿ ಹಾಕಿದ್ಲು. ಕೂತ್ಕೊಳ್ಳಲಿಲ್ಲ. ಒಂದೇ ಉಸಿರಿಗೆ ಹೇಳ್ಬಿಟ್ಟೆ — ತಪ್ಪು ನಂದು, ಆ ಮಾತು ಆಡಬಾರದಿತ್ತು, ಕ್ಷಮಿಸಿ.

ಬಷೀರುನ್ನೀಸಾ ಕ್ಷಮಿಸ್ತಾರೆ ಅಂದ್ಕೊಂಡೆ. ಈ ಹೆಂಗಸು ಯಾರಿಗೂ ಜೋರಾಗಿ ಮಾತಾಡಿದ್ದು ಕಂಡಿಲ್ಲ ನಾನು.

"ಅವತ್ತು ಅಷ್ಟು ಜನದ ಮುಂದೆ ಅಂದ್ರಿ," ಅಂದ್ರು. "ಈಗ ಮಾಫಿ ಕೇಳೋಕೆ ಒಬ್ರೇ ಬಂದಿದ್ದೀರಾ."

ನಿಂತಿದ್ದೆ.

"ನಾನು ಕೂಲಿ ಕೆಲ್ಸದೋಳಲ್ಲ ಮೇಡಂ, ಟೈಲರ್. ಅಳತೆ ತಪ್ಪಿದ್ರೆ ಬಿಚ್ಚಿ ಹೊಲಿದು ಕೊಡ್ತೀನಿ. ಇದನ್ನ ಎಂಗೆ ಬಿಚ್ಚಿ ಹೊಲೀತೀರಿ? ಓಗಿ. ಇವತ್ತು ಓಗಿ. ನಿಮ್ಮ ಮುಖ ನೋಡಕ್ಕೆ ಆಯ್ತಿಲ್ಲ."

ಜಾಕಿಯಾ "ಅಮ್ಮಿ..." ಅಂದ್ಲು. ನಾನು ಬಂದುಬಿಟ್ಟೆ.

ದಾರೀಲಿ ಬರ್ತಾ ಅವರ ಮೇಲೇ ಸಿಟ್ಟು ಬಂತು! ಬರೆಯೋಕೆ ನಾಚಿಕೆ. ಆದ್ರೂ ಬಂದಿದ್ದು ನಿಜ. ಅಷ್ಟು ದೂರ ಹೋಗಿದ್ನಲ್ಲ, ಕೇಳ್ಕೊಂಡ್ನಲ್ಲ ಅಂತ. ಎಂಟು ನಿಮಿಷದ ದೂರ.

ಸೆಪ್ಟೆಂಬರ್ 6, ಶುಕ್ರವಾರ

ಬೆಳಿಗ್ಗೆ ಹತ್ತು ಗಂಟೆ. ಕ್ಲಿನಿಕ್ ತುಂಬಿತ್ತು. ಒಳಗಿಂದ ಎದ್ದು ಬಂದು ಬೆಂಚುಗಳ ಮಧ್ಯ ನಿಂತ್ಕೊಂಡು ಹೇಳಿದೆ. ಜುಲೈನಲ್ಲಿ ಇಲ್ಲೇ ಬಷೀರುನ್ನೀಸಾ ಅವರಿಗೆ ಬಾಯಿಗೆ ಬಂದ ಹಾಗೆ ಬೈದೆ, ಅದರಿಂದ ಅವರು ಬರಲಿಲ್ಲ, ಕಾಲು ಹೋಯ್ತು. ತಪ್ಪು ಅವರದಲ್ಲ. ನಂದು. ಷುಗರ್ ಎಷ್ಟೇ ಇರ್ಲಿ, ಮಾತ್ರೆ ಬಿಟ್ಟಿರ್ಲಿ, ಬನ್ನಿ. ಬೈಯಲ್ಲ.

ಆಮೇಲೆ ಮೂಲೆಯಿಂದ ಪಟ್ಟಲಮ್ಮ ಅಂತ ಒಬ್ಬ ಮುದುಕಿ, "ಬೈಯಲ್ಲ ಅಂದ್ರೆ ನಂಬಾಕಾಯ್ತದಾ ಕಣವ್ವ?" ಅಂದ್ಲು. ನಗಾಡಿದ್ರು ಕೆಲವರು. ಅವಳು ನಗಲಿಲ್ಲ. ಎದ್ದು ಬಂದು ಸೀರೆ ಎತ್ತಿ ಕಣಕಾಲು ತೋರಿಸಿದ್ಲು. ಹುಣ್ಣು. ನಾಲ್ಕು ತಿಂಗಳದ್ದು. ಪ್ರತಿ ಸಲ ಬರೀ ಬಿಪಿ ತೋರಿಸ್ಕೊಂಡು ಹೋಗ್ತಿದ್ಲಂತೆ. "ಕಾಲು ತೋರ್ಸಿದ್ರೆ ನೀನು ಕೂಗಾಡ್ತೀಯ ಅಂತ."

ಮಧ್ಯಾಹ್ನದೊಳಗೆ ಅಂಥವರು ನಾಲ್ಕು ಜನ ಸಿಕ್ಕಿದ್ರು. ನನ್ನ ಬೋರ್ಡಲ್ಲಿ ಏನೇನೋ ಇದೆ. ಲಸಿಕೆ, ಇಸಿಜಿ, ಬಸುರಿ ತಪಾಸಣೆ, ಗಾಯಕ್ಕೆ ಡ್ರೆಸ್ಸಿಂಗ್. ಎಲ್ಲ ಇದ್ದು, ನನ್ನ ಹೆದರಿಕೆಗೆ ಗಾಯ ಮುಚ್ಕೊಂಡು ಕೂತ್ಕೋತಿದ್ರು ಜನ.

ಇಪ್ಪತ್ತು ವರ್ಷದಿಂದ ಎಷ್ಟು ಜನ? ಲೆಕ್ಕ ಇಡೋರು ಯಾರು?

ಸೆಪ್ಟೆಂಬರ್ 19, ಗುರುವಾರ

ಗುರುವಾರ ಮಧ್ಯಾಹ್ನ ಕ್ಲಿನಿಕ್ ಬಂದ್. ನಡೆಯೋಕಾಗದೇ ಇರೋರ ಮನೆಗೆ ನಾವೇ ಹೋಗೋದು. ಇವತ್ತು ಆರು ಮನೆ.

ಬಷೀರುನ್ನೀಸಾ ಮನೇಲಿ ದೇವಿರಮ್ಮ ಮಾತ್ರ ಒಳಗೆ. ಅವರು ನನ್ನ ಕರೆಯಲಿಲ್ಲ. ನಾನು ಹೊರಗೆ ಜಗಲಿ ಮೇಲೆ. ಹೊಲಿಗೆ ಹೇಗಿದೆ, ಕೀವು ಇದೆಯಾ, ಬಣ್ಣ ಏನು ಅಂತ ಅಲ್ಲಿಂದಲೇ ಕೇಳೋದು, ದೇವಿರಮ್ಮ ಕೂಗಿ ಹೇಳೋದು. ಗಾಯ ಚೆನ್ನಾಗಿ ಕೂಡ್ಕೋತಿದೆ. ಇನ್ಸುಲಿನ್ ತಗೋತಿದಾರೆ. ಬೀದಿಯವರೆಲ್ಲ ನೋಡ್ಕೊಂಡು ಹೋಗ್ತಿದ್ರು — ಡಾಕ್ಟ್ರು ಹೊರಗೆ, ನರ್ಸು ಒಳಗೆ. ನೋಡ್ಲಿ.

ಬೆಳಿಗ್ಗೆ ಒಬ್ಬನಿಗೆ ಕೂಗಾಡಿದೆ ಮತ್ತೆ. ಸಣ್ಣ ಮಗುವಿಗೆ ಆ ಹಿಂದಿನ ಬೀದಿಯವನ ಹತ್ರ ಸೂಜಿ ಹಾಕಿಸ್ಕೊಂಡು ಬಂದಿದ್ದ. ಅರ್ಧಕ್ಕೇ ನಿಲ್ಲಿಸಿ ನೀರು ಕುಡಿದೆ. ದೇವಿರಮ್ಮ ಬಾಗಿಲಲ್ಲಿ ನಿಂತು, "ಸಾಕು ಮೇಡಂ" ಅಂದ್ಲು. ಈಗೀಗ ಅಂತಾಳೆ. ಅನ್ಬೇಕು ಅಂತ ನಾನೇ ಹೇಳಿದೀನಿ. ಆದ್ರೂ ಅಂದಾಗ ಸಿಟ್ಟು ಬರುತ್ತೆ.

ಸೆಪ್ಟೆಂಬರ್ 28, ಶನಿವಾರ. ಸಂಜೆ

ಗುರುವಾರ ಅಲ್ಲ ಇವತ್ತು. ಜಾಕಿಯಾ ಫೋನ್ ಮಾಡಿದ್ಲು. ಮನೆಗೆ ಬರ್ಬೇಕು ಅಂತ ಅತ್ತೆ ಹೇಳಿದ್ರಂತೆ. ಯಾರು ಬರ್ಬೇಕು ಅಂತ ಹೇಳಲಿಲ್ಲ. ಇಬ್ಬರೂ ಹೋದ್ವಿ. ನಾನು ಅಭ್ಯಾಸದಂತೆ ಜಗಲಿ ಮೇಲೆ ಕೂತೆ.

ಒಳಗಿಂದ ಬಷೀರುನ್ನೀಸಾ ಧ್ವನಿ. "ಜಾಕಿಯಾ, ದೇವಿರಮ್ಮ ಹೊರಗೆ ಕೂತ್ಕೊಳ್ಲಿ. ಅವರನ್ನ ಕಳ್ಸು."

ಮಂಚದ ಮೇಲೆ ಕೂತಿದ್ರು. ನನ್ನ ಮುಖ ನೋಡಲಿಲ್ಲ. ಎಡಗಾಲು ಮುಂದೆ ಚಾಚಿದ್ರು. "ಎರಡು ದಿನದಿಂದ ಜುಂ ಅಂತದೆ. ಷುಗರ್ ಇನ್ನೂರ ಎಂಬತ್ತದೆ. ಬೈಯೋದಿದ್ರೆ ಈಗ್ಲೇ ಬೈದುಬುಡಿ, ಆಮೇಲೆ ನೋಡಿ."

ನೆಲದ ಮೇಲೆ ಕೂತೆ. ಕಾಲು ತೊಡೆ ಮೇಲೆ ಇಟ್ಕೊಂಡೆ. ಹತ್ತಿ ಎಳೆಯಿಂದ ಒಂದೊಂದೇ ಬೆರಳು ಮುಟ್ಟಿದೆ. ಕಣ್ಣು ಮುಚ್ಕೊಳ್ಳಿ, ಮುಟ್ಟಿದಾಗ ಹೇಳಿ ಅಂದೆ. ಹೆಬ್ಬೆರಳು — ಗೊತ್ತಾಯ್ತದೆ. ಪಕ್ಕದ್ದು — ಗೊತ್ತಾಯ್ತದೆ. ಹಿಮ್ಮಡಿ — ಗೊತ್ತಾಯ್ತದೆ. ಎಲ್ಲೂ ಗಾಯ ಇಲ್ಲ. ಕಿರುಬೆರಳ ಹತ್ರ ಮೂರು ಸಲ ಮುಟ್ಟಿದೆ. ಸುಮ್ಮನಿದ್ರು. ಕಣ್ಣು ಬಿಟ್ಟು ಮೊದಲನೇ ಸಲ ನನ್ನ ಕಡೆ ನೋಡಿ, "ಮುಟ್ಟಿದ್ರಾ?" ಅಂದ್ರು.

ಮುಟ್ಟಿದೆ ಅಂದೆ. ಅಷ್ಟು ಜಾಗ ಮಾತ್ರ. ಇನ್ನೂ ಉಳಿಸ್ಕೋಬಹುದು. ದಿನಾ ಬಂದು ನೋಡ್ಬೇಕು, ಮೆತ್ತನೆ ಚಪ್ಪಲಿ ಮಾಡಿಸ್ಬೇಕು, ಇನ್ಸುಲಿನ್ ಎರಡು ಯೂನಿಟ್ ಏರಿಸ್ಬೇಕು. ನಾಳೆ ಬೆಳಿಗ್ಗೆ ಏಳಕ್ಕೇ ನಾನೇ ಹೋಗಿ ಷುಗರ್ ನೋಡ್ತೀನಿ.