ನೆಲ ಮುಟ್ಟುವ ತನಕ

೧೯೭೫ ಮೇ ೧೨, ಸೋಮವಾರ

ಕೇಪ್‌ಟೌನಿನಿಂದ ಕಾರ್ಡು ಬಂತು. ಒಂದೇ ಸಾಲು — ‘ಕ್ಷೇಮವಾಗಿ ತಲುಪಿದೆ, ಅಮ್ಮನಿಗೆ ಹೇಳು.’ ಇವರ ಕಾರ್ಡುಗಳೆಲ್ಲ ಹೀಗೇ. ನನಗೆ ಅಂತ ಒಂದು ಪದ ಇರುವುದಿಲ್ಲ. ಓದಿ ಮುಗಿಸುವಷ್ಟರಲ್ಲಿ ಅತ್ತೆ ಹಂಡೆ ಒಲೆಗೆ ಸೌದೆ ತುರುಕಿಯಾಗಿತ್ತು. ಹರಳೆಣ್ಣೆ, ಸೀಗೆಪುಡಿ, ಸುಡುಸುಡು ನೀರು. ಬೆನ್ನು ಉಜ್ಜಿದ್ದು ನಾನು. ಬಚ್ಚಲಿಂದ ಹೊರಬಂದು ಬಿಸಿಲಲ್ಲಿ ಕೂದಲು ಹರವಿಕೊಂಡು ಕೂತರು. ಬಹಳ ದಿನದ ಮೇಲೆ ನಕ್ಕರು.

ಮನೆಯಿಂದ ಹೊರಟವರು ಹೋದ ಜಾಗ ಮುಟ್ಟುವ ತನಕ ಹೆತ್ತವಳು ತಲೆಗೆ ನೀರು ಹಾಕಿಕೊಳ್ಳಬಾರದು. ಅತ್ತೆಯ ತವರು ಮಧುರೆ ಕಡೆ, ಅಲ್ಲಿಂದ ತಂದ ನೇಮ. ಇವರು ಇಲ್ಲೇ ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡಿಕೊಂಡಿದ್ದಾಗ ತೊಂದರೆ ಇರಲಿಲ್ಲ. ರೈಲು ಹತ್ತಿ ಬೆಂಗಳೂರಿಗೆ ಹೋದರೆ ಮಧ್ಯಾಹ್ನದ ಹೊತ್ತಿಗೆ ನೇಮವೂ ಮುಗಿಯುತ್ತಿತ್ತು. ಈಗ ಹಡಗಿನ ಇಂಜಿನ್ ರೂಮಿನಲ್ಲಿ ಫಿಟ್ಟರ್. ಮೊಂಬಾಸಾ, ಡರ್ಬನ್, ಕೇಪ್‌ಟೌನ್... ಒಂದೊಂದು ಬಂದರಿಗೂ ಅತ್ತೆಯದೊಂದು ಎಣ್ಣೆಸ್ನಾನ. ನನ್ನ ಏಳನೇ ಕ್ಲಾಸಿನ ಹುಡುಗಿಯರ ಬಾಯಿಗೂ ಈ ಹೆಸರುಗಳು ಇಷ್ಟು ಸಲೀಸಾಗಿ ಬರುವುದಿಲ್ಲ.

ನಾನೂ ಹಾಗೆ ಬಿಡಬೇಕಾ ಎಂದು ಮೊದಲ ಸಲವೇ ಕೇಳಿದ್ದೆ. “ನೀನ್ಯಾಕೆ ಬಿಡ್ತೀಯ? ಮುತ್ತೈದೆ ನೀನು, ಶುಕ್ರವಾರ ಶುಕ್ರವಾರ ಹಾಕ್ಕೋಬೇಕು. ಹೆತ್ತಿರೋ ತಲೆ ಒಂದು ಸಾಕು ಬಿಡು” ಅಂದಿದ್ದರು.

ಜೂನ್ ೨೦, ಶುಕ್ರವಾರ

ಬಾರ್ಸಿಲೋನದಿಂದ ಕಾರ್ಡು. ಯುರೋಪು! ಸಿಮೆಂಟು ತುಂಬುತ್ತಿದ್ದಾರಂತೆ. ಮುಂದೆ ಲಾಗೋಸ್, ಎರಡು ಮೂರು ವಾರದ ದಾರಿ. ಅಲ್ಲಿ ಇಳಿಸಿದ ಮೇಲೆ ರಜ ಕೇಳುತ್ತೇನೆ ಅಂತ ಬರೆದಿದ್ದಾರೆ. ಈ ಸಲ ನಾಲ್ಕು ಸಾಲು. ನಾಲ್ಕನೆಯದು ನನಗೆ. ಇಲ್ಲಿ ಬರೆದುಕೊಳ್ಳುವುದಿಲ್ಲ.

ಅತ್ತೆ ತಲೆಗೆ ನೀರು ಹಾಕಿಕೊಂಡರು. ನನಗೂ ಶುಕ್ರವಾರ. ಒಂದೇ ಹಂಡೆ ನೀರು ಇಬ್ಬರಿಗೂ ಆಯಿತು.

ಜೂನ್ ೨೭, ಶುಕ್ರವಾರ

ಸ್ಟಾಫ್ ರೂಮಿನಲ್ಲಿ ಎಲ್ಲರೂ ಪಿಸುಮಾತು. ತುರ್ತು ಪರಿಸ್ಥಿತಿ ಅಂತೆ. ಹೆಡ್‌ಮಾಸ್ಟರ್ ವೆಂಕಟರಮಣಪ್ಪನವರು ಪೇಪರ್ ಮಡಚಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ನಾನು ಆಫ್ರಿಕದ ನಕ್ಷೆ ತೂಗುಹಾಕಿ ಬಂದರು ಕಲಿಸಿದೆ. ಅಲೆಕ್ಸಾಂಡ್ರಿಯಾದಿಂದ ಶುರು ಮಾಡಿ ಕಡ್ಡಿಯಲ್ಲಿ ಸುತ್ತು ಹಾಕಿಕೊಂಡು ಬಂದೆ. ಪಶ್ಚಿಮದ ಕಂಕುಳಲ್ಲಿ ಲಾಗೋಸ್. ಅಲ್ಲಿ ಕಡ್ಡಿ ನಿಂತುಬಿಟ್ಟಿತು. ಹಿಂದಿನ ಬೆಂಚಿನ ಹುಡುಗಿ — “ಮಿಸ್, ಅದೇನಾ ಮಿಸ್, ನಿಮ್ಮನೆಯೋರು ಹೋಗ್ತಿರೋದು?” ಇಡೀ ಕ್ಲಾಸು ಕಿಸಕ್ಕೆಂದಿತು. ಗದರಿದೆ. ಒಳಗೊಳಗೆ ಖುಷಿಯಾಗಿತ್ತು.

ಆಗಸ್ಟ್ ೯, ಶನಿವಾರ

ಕಾರ್ಡಿಲ್ಲ. ಜುಲೈ ಮಧ್ಯಕ್ಕೇ ಬರಬೇಕಿತ್ತು. ಅತ್ತೆ ಕೇಳುವುದನ್ನೂ ಬಿಟ್ಟಿದ್ದಾರೆ. ಸ್ಕೂಲಿನಿಂದ ಬಂದಾಗ ನನ್ನ ಕೈ ನೋಡುತ್ತಾರೆ, ಒಳಗೆ ಹೋಗುತ್ತಾರೆ.

ಸೆಪ್ಟೆಂಬರ್ ೩, ಬುಧವಾರ

ಕಾಗದ ಬಂತು! ಎರಡು ಹಾಳೆ. ಹಡಗು ಜುಲೈನಲ್ಲೇ ಲಾಗೋಸಿಗೆ ಹೋಗಿದೆ. ಬಂದರಿನ ಒಳಗೆ ಜಾಗವಿಲ್ಲ. ಆ ದೇಶದವರು ಯಾವ ಲೆಕ್ಕದಲ್ಲಿ ತರಿಸಿದರೋ, ನೂರಾರು ಹಡಗು ಸಿಮೆಂಟು ಹೊತ್ತು ಹೊರಗೆ ಸಮುದ್ರದಲ್ಲಿ ಲಂಗರು ಹಾಕಿ ನಿಂತಿವೆಯಂತೆ. ಸರದಿ ಬರುವ ತನಕ ಕಾಯಬೇಕು. ಎಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ. ಏಜೆಂಟಿನ ಬೋಟು ಬಂದಾಗ ಕಾಗದ ಕೊಡಬೇಕು. ಅದು ಬಂದರೆ ಬಂತು. ಹಡಗು ಬಿಟ್ಟು ಇಳಿಯಲು ಯಾರಿಗೂ ಅಪ್ಪಣೆ ಇಲ್ಲ.

‘ಸಂಜೆಯಾದರೆ ಊರಿನ ದೀಪ ಕಾಣುತ್ತದೆ. ಬಸ್ಸು ಹೋಗುವುದೂ ಕಾಣುತ್ತದೆ. ಕುಡಿಯುವ ನೀರಿಗೆ ರೇಷನ್. ಒದ್ದೆ ಗಾಳಿಗೆ ಮೂಟೆಗಳು ಕಲ್ಲಾಗುತ್ತಿವೆ. ಸೊಳ್ಳೆ ಬಹಳ.’

ಅತ್ತೆಗೆ ಜೋರಾಗಿ ಓದಿ ಹೇಳಿದೆ. ಸೊಳ್ಳೆಯ ಮಾತು ಬಿಟ್ಟೆ. ನೀರು ಕಾಯಿಸಲೇ ಎಂದು ಕೇಳಿದೆ.

“ಯಾತಕ್ಕೆ?”

“ಮುಟ್ಟಿದ್ರಲ್ಲ ಅತ್ತೆ, ಲಾಗೋಸಿಗೆ.”

“ಹಡಗು ಮುಟ್ತು. ನನ್ನ ಮಗ ಮುಟ್ಟಿದ್ನಾ? ನೆಲದ ಮೇಲೆ ಕಾಲಿಟ್ನಾ?”

ಕೈಗೆತ್ತಿಕೊಂಡಿದ್ದ ಸೌದೆ ಕೆಳಗಿಟ್ಟೆ.

ಸೆಪ್ಟೆಂಬರ್ ೨೧, ಭಾನುವಾರ

ಜಗಳ. ತಪ್ಪು ನನ್ನದೇ, ಮೊದಲು ದನಿ ಏರಿಸಿದವಳು ನಾನು. ನಕ್ಷೆ ತಂದು ನೆಲದ ಮೇಲೆ ಹರವಿದೆ. ಇದು ಊರು, ಇದು ಹಡಗು ನಿಂತ ಜಾಗ, ನಡುವೆ ಬೆರಳು ಇಡುವಷ್ಟೂ ಜಾಗವಿಲ್ಲ, ತಲುಪಿದ ಹಾಗೇ ಲೆಕ್ಕ, ಅಂದೆ. ಬೋರ್ಡಿನ ಮುಂದೆ ನಿಂತವಳ ಹಾಗೆ ವಾದ ಮಾಡಿದೆ.

ಅತ್ತೆ ನಕ್ಷೆಯನ್ನು ನೋಡಲೂ ಇಲ್ಲ. “ಬಾಗ್ಲಲ್ಲಿ ನಿಂತಿರೋನಿಗೆ ಉಂಡ ಅಂತ ಹೇಳ್ತೀಯೇನೆ ಅನುಸೂಯಾ?” ಅಂದರು. ಆಮೇಲೆ ಮೆತ್ತಗೆ, “ನಾನು ಅವ್ನಿಗೆ ಇಲ್ಲಿಂದ ಮಾಡೋಕಾಗೋದು ಇದೊಂದೇ ಕಣಮ್ಮಾ. ಇದನ್ನೂ ಬಿಡು ಅಂತೀಯಾ?”

ನಕ್ಷೆ ಮಡಚಿಟ್ಟೆ.

ಅಕ್ಟೋಬರ್ ೧೪, ಮಂಗಳವಾರ

ಅತ್ತೆಯ ಕೂದಲು ಗಂಟುಗಟ್ಟಿ ಹಿಂದೆ ಒಂದು ಜಡೆ ಕಟ್ಟಿಕೊಂಡಿದೆ. ಬಾಚಣಿಗೆ ಇಳಿಯುವುದಿಲ್ಲ. ಇವತ್ತು ಪಕ್ಕದ ಮಗ್ಗದ ಮನೆಯ ಸೊಣ್ಣಮ್ಮ ಸೆರಗಿನಲ್ಲಿ ತೆಂಗಿನಕಾಯಿ, ಎರಡು ಊದುಕಡ್ಡಿ ಮುಚ್ಚಿಕೊಂಡು ಬಂದಳು. ಸಪ್ಪಲಮ್ಮ ದೇವತೆ ನಮ್ಮತ್ತೆ ಪಾಪಮ್ಮನ ತಲೆಗೆ ಇಳಿದಿದ್ದಾಳೆ ಎಂದು ಬೀದಿಯಲ್ಲೆಲ್ಲ ಮಾತಂತೆ. ಮಗಳ ಮದುವೆ ಯಾವಾಗ ಕೂಡಿಬರುತ್ತೆ ಕೇಳಬೇಕಂತೆ. ಕಾಲಿಗೆ ಬಿದ್ದೇಬಿಟ್ಟಳು.

ಅತ್ತೆ ಹಿಂದಕ್ಕೆ ಸರಿದು, “ಏಳೇ ಸೊಣ್ಣಿ! ದೇವ್ರೂ ಇಲ್ಲ ದಿಂಡ್ರೂ ಇಲ್ಲ. ತಲೆ ತೊಳೀದಿರೋ ಹೆಂಗ್ಸು ನಾನು. ಹೇನು ಹತ್ತುತ್ತೆ ಆಚೆ ನಿಂತ್ಕೊ” ಅಂದರು. ಸೊಣ್ಣಮ್ಮನ ಮುಖ ನೋಡಬೇಕಿತ್ತು. ನಗು ತಡೆಯಲು ಅಡಿಗೆಮನೆಗೆ ಓಡಿದೆ. ನಕ್ಕು ನಕ್ಕು ಕೊನೆಗೆ ಅದೇ ಅಳುವಾಯಿತು.

ಹೋಗುವಾಗ ಸೊಣ್ಣಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಇಳಿದ್ಬಿಟ್ರಂತೆ ಅಂತ ಒಂದು ಮಾತು ಹೇಳ್ಬಾರ್ದಾ? ಮುದುಕಿ ಹಿಂಗೇ ಇದ್ರೆ ಉಳ್ಯಲ್ಲ ಕಣವ್ವ” ಅಂದಳು.

ಯೋಚನೆ ನನಗೂ ಬಂದಿದೆ. ಆಗುವುದಿಲ್ಲ. ಸುಳ್ಳು ಹೇಳಿ, ಆ ಸುಳ್ಳು ನೀರು ದಾಟಿ ಇವರಿಗೆ ತಗುಲಿದರೆ? ಭೂಗೋಳ ಕಲಿಸುವವಳು ಹೀಗೆ ಬರೆಯಬಾರದು. ಆದರೆ ಹೆದರಿಕೆ ಇರುವುದು ನಿಜ.

ನವೆಂಬರ್ ೨, ಭಾನುವಾರ

ನರಕ ಚತುರ್ದಶಿ. ನಿನ್ನೆ ಸಂಜೆ ನೀರು ತುಂಬುವ ಹಬ್ಬವನ್ನು ಅತ್ತೆಯೇ ಮಾಡಿದರು. ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ. ಬೆಳಿಗ್ಗೆ ಊರಿಗೆ ಊರೇ ಎಣ್ಣೆ ಹಚ್ಚಿಕೊಂಡು ಕೂತಿದೆ. ಮಗ್ಗಗಳ ಸದ್ದಿಲ್ಲ. ಓಣಿಯಲ್ಲೆಲ್ಲ ಸೀಗೆಯ ವಾಸನೆ, ಪಟಾಕಿ.

ನನಗೆ ಎಣ್ಣೆ ಒತ್ತಿದರು. ನೀರು ಹೊಯ್ದರು. ಆಮೇಲೆ ಬರೀ ಮೈಗೆ ಎರಡು ಚೊಂಬು ಸುರಿದುಕೊಂಡು ಎದ್ದರು. ಹಂಡೆಯಲ್ಲಿ ಇನ್ನೂ ಅರ್ಧ ನೀರಿತ್ತು, ಹೊಗೆಯಾಡುತ್ತಿತ್ತು. ಇವತ್ತೊಂದು ದಿನ ಎಂದು ಕೈ ಹಿಡಿದು ಕೇಳಿದೆ. ತಲೆ ಅಲ್ಲಾಡಿಸಿದರು.

ಇವರ ಮೇಲೆ ಸಿಟ್ಟು ಬಂತು. ಸುಮ್ಮನೆ ಮಗ್ಗ ರಿಪೇರಿ ಮಾಡಿಕೊಂಡಿರಬಾರದಿತ್ತೆ? ಮದುವೆಯಾಗಿ ಮೂರು ವರ್ಷದಲ್ಲಿ ಒಂದು ದೀಪಾವಳಿಗೂ ಮನೆಯಲ್ಲಿಲ್ಲ.

ನವೆಂಬರ್ ೧೬, ಭಾನುವಾರ

ಅತ್ತೆಗೆ ಜ್ವರ. ಜಡೆಯ ಕೆಳಗೆ ಹುಣ್ಣಾಗಿ ಕೀವು ಕಟ್ಟಿದೆ. ದಿಂಬಿನ ಮೇಲೆ ಕಲೆ ಕಂಡು ಗೊತ್ತಾಯಿತು, ಅವರಾಗಿ ಹೇಳಲಿಲ್ಲ. ಡಾಕ್ಟರು ನನ್ನನ್ನೇ ಬೈದರು — “ಓದಿದೋರಲ್ವೇನ್ರಿ ನೀವು? ಈ ಕೂದ್ಲು ಕತ್ತರಿಸಿ, ಬಿಸಿನೀರಲ್ಲಿ ತೊಳೀಬೇಕು. ನಂಜು ರಕ್ತಕ್ಕೆ ಸೇರಿದ್ರೆ ನನ್ ಕೈಯಲ್ಲಿಲ್ಲ.”

ದಾರಿಯಲ್ಲಿ ಅತ್ತೆ ನನ್ನ ತೋಳು ಹಿಡಿದು ನಡೆಯುತ್ತ, “ಅವ್ನು ಇಳೀಲಿ, ಆಮೇಲೆ ಕತ್ತರಿಸ್ಕೋ ಹೋಗು” ಅಂದರು. ಅಪ್ಪಣೆ ಕೊಡುವವರ ಹಾಗೆ.

ಈ ವಾರದಲ್ಲಿ ಕಾಗದ ಬರದಿದ್ದರೆ ಸುಳ್ಳು ಹೇಳುತ್ತೇನೆ. ಪಾಪ ನನಗಿರಲಿ. ಇದನ್ನು ಬರೆದು ತೀರ್ಮಾನ ಮಾಡಿದ್ದೇನೆ.

ನವೆಂಬರ್ ೨೩, ಭಾನುವಾರ

ವಾರ ಮುಗಿಯಿತು. ಹೇಳಲು ಮೂರು ಸಲ ಬಾಯಿ ತೆರೆದೆ. ಆಗಲಿಲ್ಲ. ಜ್ವರ ಹಾಗೇ ಇದೆ.

ನವೆಂಬರ್ ೨೫, ಮಂಗಳವಾರ. ಸಂಜೆ

ಬರೆಯಬೇಕು. ಬರೆಯದಿದ್ದರೆ ತಲೆ ನಿಲ್ಲುವುದಿಲ್ಲ.

ಮಧ್ಯಾಹ್ನದ ಎರಡನೇ ಪೀರಿಯಡ್ಡು. ಜವಾನ ಬಂದು ಹೆಡ್‌ಮಾಸ್ಟರ್ ಕರೆಯುತ್ತಾರೆ ಅಂದ. ಕಂಪನಿಗೆ ಸ್ಕೂಲಿನ ವಿಳಾಸ ಕೊಟ್ಟಿದ್ದೆವು. ವೆಂಕಟರಮಣಪ್ಪನವರ ಕೈಯಲ್ಲಿ ತಂತಿ. “ಕೂತ್ಕೊಳ್ಳಿ ಅನುಸೂಯಮ್ಮನೋರೆ” ಅಂದರು. ಅವರು ಎಂದೂ ಯಾರನ್ನೂ ಕೂರಿಸಿ ಮಾತಾಡಿದವರಲ್ಲ. ಗೊತ್ತಾಗಿಬಿಟ್ಟಿತು.

ಬೊಂಬಾಯಿ ಆಫೀಸಿನ ತಂತಿ. ಫಿಟ್ಟರ್ ಕೊಂಡಪ್ಪನಿಗೆ ಹಡಗಿನ ಮೇಲೆ ವಿಷಮ ಜ್ವರ. ಹದಿನೆಂಟರಂದು ಬೋಟಿನಲ್ಲಿ ದಡಕ್ಕಿಳಿಸಿ ಲಾಗೋಸ್ ಆಸ್ಪತ್ರೆಗೆ ಸೇರಿಸಲಾಯಿತು. ಇಪ್ಪತ್ತರಂದು ಸಾವು. ಅಲ್ಲೇ ಮಣ್ಣು. ವಿವರ ಅಂಚೆಯಲ್ಲಿ.

ಜೊತೆಗೆ ಯಾರನ್ನಾದರೂ ಕಳಿಸುತ್ತೇನೆ ಅಂದರು. ಬೇಡ ಅಂದೆ. ಯಾರಿಗೂ ಈಗಲೇ ಹೇಳಬೇಡಿ, ಅತ್ತೆಗೆ ಮೈಯಲ್ಲಿ ಹುಷಾರಿಲ್ಲ, ನಾನೇ ಹೇಳಬೇಕು ಅಂದೆ. ತಂತಿಯನ್ನು ರವಿಕೆಯೊಳಗೆ ಇಟ್ಟುಕೊಂಡು ನಡೆದೆ. ಎರಡೂ ಕಡೆ ಮಗ್ಗಗಳು ಕುಟ್ಟುತ್ತಿದ್ದವು. ಆ ಸದ್ದಿನೊಳಗೆ ಜೋರಾಗಿ ಅತ್ತುಬಿಟ್ಟೆ. ಯಾರಿಗೂ ಕೇಳಿಸಲಿಲ್ಲ.

ಅತ್ತೆ ಕಂಬಳಿ ಹೊದ್ದು ಜಗುಲಿಯ ಮೇಲೆ ಕೂತಿದ್ದರು. ಕೈ ನೋಡಲಿಲ್ಲ, ಮುಖ ನೋಡಿದರು.

“ಸುದ್ದಿ ಬಂತೇನೆ?”

“ಬಂತು ಅತ್ತೆ.”

“ಇಳಿದ್ನಾ?”

ದಾರಿಯುದ್ದಕ್ಕೂ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದೆ. ಅತ್ತೆ, ಗಟ್ಟಿ ಮನಸ್ಸು ಮಾಡಿಕೊಳ್ಳಿ... ಹೀಗೆ ಏನೇನೋ. ಅವರು ಕೇಳಿದ್ದು ಇದನ್ನು.

“ಇಳಿದ್ರು” ಅಂದೆ.

“ನೆಲದ ಮೇಲಾ?”

“ನೆಲದ ಮೇಲೇ ಅತ್ತೆ.”

ಕಂಬಳಿ ಅಲ್ಲೇ ಬಿತ್ತು. ನನ್ನ ಕೆನ್ನೆ ಎರಡೂ ಹಿಡಿದುಕೊಂಡು ಅತ್ತರು. ನಾನೂ ಅಳುತ್ತಿದ್ದೆ. “ಅಳ್ಬೇಡ ಕಣೇ ಹುಚ್ಚಿ, ಇಳಿದ್ನಲ್ಲ!” ಅಂತ ಸೆರಗಿನಿಂದ ನನ್ನ ಮುಖ ಒರೆಸಿದರು. ನಾನು ಸಂತೋಷಕ್ಕೆ ಅಳುತ್ತಿದ್ದೇನೆ ಅಂದುಕೊಂಡರು. ಅಲ್ಲ ಎನ್ನಲು ಅದೇ ಹೊತ್ತು. ಎನ್ನಲಿಲ್ಲ.

ನೀರು ಕಾಯಿಸಿದೆ. ಕತ್ತರಿ ತಂದು ಜಡೆ ತೆಗೆದೆ, ಹುಣ್ಣಿಗೆ ತಗುಲದ ಹಾಗೆ ನಿಧಾನವಾಗಿ. ಎಣ್ಣೆ ಒತ್ತಿದೆ. ಸಾವಿನ ಸುದ್ದಿ ಕೇಳಿದವರು ತಲೆಗೆ ನೀರು ಹಾಕಿಕೊಳ್ಳಬೇಕು. ಮಗನ ಸಾವಿಗೆ ತಾಯಿ ಹಾಕಿಕೊಳ್ಳಲೇಬೇಕು. ಅವರು ಕಣ್ಣು ಮುಚ್ಚಿ, “ಅಬ್ಬಾ, ಎಷ್ಟು ಹಗುರ ಆಯ್ತೇ ತಲೆ” ಅನ್ನುತ್ತ ಕೂತಿದ್ದರು. ನಾನು ಚೊಂಬು ಚೊಂಬಾಗಿ ಹೊಯ್ದೆ. ಅವರದು ಮುಗಿದ ಮೇಲೆ ಉಳಿದದ್ದನ್ನು ನನ್ನ ತಲೆಗೆ ಸುರಿದುಕೊಂಡೆ. ಮಂಗಳವಾರ ಒಳ್ಳೇ ದಿನ, ನೀನೂ ಹಾಕ್ಕೊಂಡಿದ್ದು ಒಳ್ಳೇದಾಯ್ತು ಅಂದರು.

ಮುದ್ದೆ ಉಂಡರು. ಔಷಧಿ ಹಚ್ಚಿಸಿಕೊಂಡರು. ಮಲಗಿದ್ದಾರೆ. ಹಣೆ ಮುಟ್ಟಿ ನೋಡಿದೆ. ಜ್ವರ ಇನ್ನೂ ಇದೆ.

ನಾಳೆ ಹೇಳುತ್ತೇನೆ. ಜ್ವರ ಇಳಿಯಲಿ, ಹೇಳುತ್ತೇನೆ.

ನವೆಂಬರ್ ೨೮, ಶುಕ್ರವಾರ. ಬೆಳಿಗ್ಗೆ

ಹೇಳಿಲ್ಲ. ಜ್ವರ ನಿನ್ನೆಯೇ ಬಿಟ್ಟಿದೆ. ಹುಣ್ಣು ಒಣಗುತ್ತಿದೆ. ಬುಧವಾರ ಹೇಳಬಹುದಿತ್ತು, ನಿನ್ನೆ ಹೇಳಬಹುದಿತ್ತು. ಮೂರು ದಿನದಿಂದ ಹಣೆಗಿಟ್ಟುಕೊಂಡು ಸ್ಕೂಲಿಗೆ ಹೋಗುತ್ತಿದ್ದೇನೆ. ವೆಂಕಟರಮಣಪ್ಪನವರು ನನ್ನ ಹಣೆ ನೋಡಿ ಮುಖ ತಿರುಗಿಸುತ್ತಾರೆ.

ಅತ್ತೆ ಇವತ್ತು ಯಾರ ತೋಳೂ ಹಿಡಿಯದೆ ಗುಡಿಗೆ ಹೋಗಿ ಬಂದರು. ಮೊಳದುದ್ದ ಕನಕಾಂಬರ ತಂದಿದ್ದಾರೆ. ಬರುವಾಗ ಬಳೆಯ ಖದೀಜಾಬಿಯನ್ನೂ ಕರೆದುಕೊಂಡೇ ಬಂದಿದ್ದಾರೆ. ಜಗುಲಿಯ ಮೇಲೆ ಬಳೆಗಳ ಮಲಾರ ಬಿಚ್ಚಿ ಕೂತಿದ್ದಾಳೆ. ಅತ್ತೆ ಆರಿಸುತ್ತಿರುವುದು ಕೇಳಿಸುತ್ತಿದೆ — “ಹಸಿರು ಗಾಜಿಂದು ಕೊಡಮ್ಮ. ಕೈ ತುಂಬ ಹಾಕು. ಗಂಡ ನೆಲ ಮುಟ್ಟವ್ನೆ, ರಜ ಸಿಕ್ಕಿದ್ರೆ ಬಂದೇ ಬಿಡ್ತಾನೆ.”

ಸೀರೆ ಸರಿಮಾಡಿಕೊಂಡು ಬರುತ್ತೇನೆ ಎಂದು ಒಳಗೆ ಬಂದೆ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಕೈಯಲ್ಲಿ ಹಳೆಯ ಬಳೆ ಇನ್ನೂ ಹಾಗೇ ಇವೆ. ಮದುವೆಯಾದ ಮೇಲೆ ಇವರೇ ಕೊಡಿಸಿದವು.

“ಅನುಸೂಯಾ, ಬಾರಮ್ಮ. ಖದೀಜಾಬಿಗೆ ಇನ್ನೂ ನಾಕು ಮನೆ ಐತೆ.”

ಹೋಗಿ ಕೈ ಚಾಚಿದರೆ ಅತ್ತೆಯೇ ನನಗೆ ಬಳೆ ತೊಡಿಸಿದ ಹಾಗೆ. ನಾಳೆ ಸುದ್ದಿ ತಿಳಿದ ಮೇಲೆ ಅವನ್ನು ಒಡೆಯುವವರೂ ಅವರೇ. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಖದೀಜಾಬಿಯ ಮುಂದೆಯೇ ಹೇಳಬೇಕು. ಹೇಳುವ ಮಾತು ಮೊದಲು ಇಲ್ಲೇ ಬರೆದು ನೋಡುತ್ತೇನೆ — ಯಾಕೆ ಬೇಡ ಅಂದರೆ ಅತ್ತೆ, ಇವರು...