ಕುಟುಂಬದಲ್ಲಿ ಪರದೆ ಯಾಕೆ ಎಂದು ಕೇಳಿದ ಕುಲಪತಿಗಳಿಗೆ

ಮಾನ್ಯ ಕುಲಪತಿಗಳೇ,

ನೀವು ಕಳಿಸಿರುವ ಹೇಳಿಕೆಗೆ ನಾನು ಸಹಿ ಹಾಕುವುದಿಲ್ಲ. ನಿಮ್ಮ ಕಚೇರಿಯಲ್ಲಿ ಯಾವ ಪತ್ರವನ್ನೂ ಎರಡನೆಯ ಪುಟದವರೆಗೆ ಓದುವ ರೂಢಿಯಿಲ್ಲವಾದ್ದರಿಂದ ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ನಮ್ಮ ಸಂಶೋಧನಾ ಸಹಾಯಕಿಯ ಅಜಾಗರೂಕತೆಯಿಂದ ವಿಶ್ವವಿದ್ಯಾಲಯದ ಬಗ್ಗೆ ಸುಳ್ಳು ಮಾಹಿತಿ ಪ್ರಕಟವಾಯಿತು ಎಂದು ನಾನು ಒಪ್ಪಿಕೊಳ್ಳಬೇಕು, ಆಕೆಯ ಗುತ್ತಿಗೆ ಅಲ್ಲಿಗೆ ಮುಗಿಯಬೇಕು, ನಿಮ್ಮ ಮಾನ ಉಳಿಯಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ವೈದ್ಯಕ್ಕೆ ನನ್ನ ಕೈಯನ್ನು ಬಳಸಿಕೊಳ್ಳಬೇಡಿ.

ಈ ಪತ್ರವನ್ನು ಹೊರಗಿನವರೂ ಓದಲಿರುವುದರಿಂದ ನಡೆದದ್ದನ್ನು ಹೇಳಬೇಕು. ಚುನಾವಣೆಗಳು ಎಷ್ಟು ಪ್ರಾಮಾಣಿಕವಾಗಿ ನಡೆಯುತ್ತವೆ ಎಂದು ಅಳೆಯುವ ಸಂಶೋಧನಾ ಯೋಜನೆಯೊಂದನ್ನು ನಾನು ನಿಮ್ಮ ವಿಶ್ವವಿದ್ಯಾಲಯದಲ್ಲಿ ನಡೆಸುತ್ತೇನೆ. ಚುನಾವಣೆಯನ್ನು ಹತ್ತಿರದಿಂದ ಕಂಡವರನ್ನು ಪ್ರಶ್ನಿಸಿ, ಅವರ ಉತ್ತರಗಳಿಗೆ ತಕ್ಕಂತೆ ಜಾಲತಾಣದ ನಕ್ಷೆಯಲ್ಲಿ ಚುಕ್ಕೆ ಮೂಡಿಸುವುದು ನಮ್ಮ ಕೆಲಸ. ನಂಬಬಹುದಾದದ್ದಕ್ಕೆ ಹಸಿರು, ಅನುಮಾನವಿದ್ದರೆ ಹಳದಿ, ನಂಬಲಾಗದ್ದಕ್ಕೆ ಕೆಂಪು. ನಮ್ಮಲ್ಲೊಂದು ಪದ್ಧತಿಯಿದೆ. ಹೊಸದಾಗಿ ಸೇರಿದ ಸಮೀಕ್ಷಕರು ಊರವರನ್ನು ಪ್ರಶ್ನಿಸುವ ಮೊದಲು, ತಾವೇ ಕಣ್ಣಾರೆ ಕಂಡ ಒಂದು ಚುನಾವಣೆಯ ಬಗ್ಗೆ ಅಭ್ಯಾಸಕ್ಕೆಂದು ಅದೇ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಈ ಸಲದ ಹೊಸಬಳು ಕಂಡ ಚುನಾವಣೆ ನಿಮ್ಮ ಕೋಣೆಯಲ್ಲೇ ನಡೆದದ್ದು, ಆಡಳಿತ ಮಂಡಳಿಗೆ ಅಧ್ಯಾಪಕರ ಪ್ರತಿನಿಧಿಯನ್ನು ಆರಿಸುವಂಥದ್ದು. ಅಭ್ಯಾಸದ ಉತ್ತರಗಳು ನಕ್ಷೆಗೆ ಹೋಗದಂತೆ ಬೇರೆ ಇಡಬೇಕಾದವಳು ನಾನು. ಇಡಲಿಲ್ಲ. ಅದು ನನ್ನ ತಪ್ಪೆಂದು ಅಂದೇ ನಿಮಗೆ ಬರೆದು ಕೊಟ್ಟಿದ್ದೇನೆ. ಬೆಳಗಾಗುವಷ್ಟರಲ್ಲಿ ನಮ್ಮದೇ ಆಡಳಿತ ಭವನದ ನೆತ್ತಿಯ ಮೇಲೆ ಒಂದು ಕೆಂಪು ಚುಕ್ಕೆ ಕೂತಿತ್ತು.

ಆ ಚುಕ್ಕೆಯ ಪಕ್ಕದಲ್ಲಿ ನಿಮ್ಮ ಹೆಸರಿರಲಿಲ್ಲ, ಭಾವಚಿತ್ರವೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರು ನೀವು. ನನ್ನನ್ನು ಕರೆಸಿದಿರಿ.

“ಏನಮ್ಮಾ ಇದು, ನಮ್ಮ ತಲೆ ಮೇಲೇ ಕೆಂಪು ಕೂರಿಸಿದ್ದೀರಿ? ಹಸಿರು ಮಾಡ್ಸಿ.”

“ಬಣ್ಣ ನಾವು ಹಚ್ಚೋದಲ್ಲ ಸರ್. ಉತ್ತರ ನೋಡ್ಕೊಂಡು ಅದೇ ಬರುತ್ತೆ.”

“ಸರಿ, ಹಸಿರು ಬೇಡ. ಹಳದಿ ಮಾಡಿ. ನಾನೂ ಸ್ವಲ್ಪ ಬಿಟ್ಟುಕೊಡ್ತೀನಿ.”

ಸಂತೆಯಲ್ಲಿ ಸೊಪ್ಪು ಕೊಳ್ಳುವವರು ಕೂಡ ಇಷ್ಟು ಉದಾರವಾಗಿ ಚೌಕಾಸಿ ಮಾಡುವುದಿಲ್ಲ! ಅದು ಅಭ್ಯಾಸದ್ದು, ತಪ್ಪಿ ನಕ್ಷೆಗೆ ಬಂತು ಎಂದು ಬರೆದು ಚುಕ್ಕೆಯನ್ನೇ ತೆಗೆದುಹಾಕುತ್ತೇನೆ ಎಂದೆ. ನಿಮಗೆ ಅದು ಸಾಲಲಿಲ್ಲ. ಎಲ್ಲರೂ ನೋಡಿಯಾಗಿದೆ, ಈಗ ಉತ್ತರಗಳೇ ಸುಳ್ಳು ಎಂದು ಬರೆಯಿರಿ ಎಂದಿರಿ. ಅಲ್ಲಿಗೆ ನಮ್ಮ ಮಾತು ಮುರಿಯಿತು.

ಯಾವುದು ಸುಳ್ಳು ಸ್ವಾಮಿ? ನಮ್ಮ ಯೋಜನೆಯ ಉದ್ಘಾಟನೆಯ ದಿನ ಮತದಾನದ ಗೋಪ್ಯತೆಯೇ ಪ್ರಜೆಯ ಉಸಿರು ಎಂದು ಗುಡುಗಿದವರು ನೀವು. ಆ ಮಾತನ್ನು ಜಾಲತಾಣದ ಮೊದಲ ಪುಟದಲ್ಲಿ ನಿಮ್ಮ ನಗುಮುಖದೊಂದಿಗೆ ಹಾಕಿಸಿದವರೂ ನೀವೇ. ಅಂಥವರ ಕೋಣೆಯಲ್ಲಿ ಮತಪೆಟ್ಟಿಗೆ ಎಲ್ಲಿತ್ತು? ನಿಮ್ಮ ಮೇಜಿನ ಮೇಲೆ, ಬಡ್ತಿಯ ಕಡತಗಳ ಪಕ್ಕದಲ್ಲಿ. ಗುರುತು ಹಾಕುವ ಪೆನ್ನನ್ನು ನಿಮ್ಮ ಮೇಜಿನ ಕಾಲಿಗೇ ದಾರದಿಂದ ಕಟ್ಟಿದ್ದರಿಂದ ಯಾರೂ ಗೋಡೆಯ ಕಡೆ ತಿರುಗಿ ಬರೆಯುವಂತಿರಲಿಲ್ಲ. “ಕೂತ್ಕೊಂಡೇ ಹಾಕಿ, ಅವಸರ ಏನು?” ಎಂದು ಎದುರಿನ ಕುರ್ಚಿ ತೋರಿಸಿ, ಪ್ರತಿಯೊಬ್ಬರ ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸಿದಿರಿ. ಚುನಾವಣಾಧಿಕಾರಿ ತಡವರಿಸುತ್ತ ಪರದೆಯ ಮಾತೆತ್ತಿದಾಗ ನಕ್ಕುಬಿಟ್ಟಿರಿ. “ನಾವೆಲ್ಲ ಒಂದೇ ಕುಟುಂಬ ಕಣ್ರೀ. ಕುಟುಂಬದಲ್ಲಿ ಪರದೆ ಯಾಕೆ?”

ಈ ಮಾತನ್ನು ಕೇಳಿಸಿಕೊಂಡು ಅಭ್ಯಾಸದ ಉತ್ತರದಲ್ಲಿ ಹಾಗೇ ಬರೆದವಳೇ ನೀವು ಬಲಿ ಕೇಳುತ್ತಿರುವ ಸಹಾಯಕಿ. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುವ ಚಟವಿರುವುದರಿಂದ ನಮ್ಮ ಕೋಣೆಯಲ್ಲಿ ಅವಳಿಗೆ ‘ಯಾಕಮ್ಮ’ ಎಂದೇ ಹೆಸರು. ಮತದಾನದ ದಿನ ನೀವೇ ಅವಳನ್ನು ಬಾಗಿಲಲ್ಲಿ ಗುರುತಿನ ಚೀಟಿ ನೋಡಲು ನಿಲ್ಲಿಸಿದ್ದಿರಿ. ಅಂಕಿ ಅಂಶದ ಕೆಲಸದವರಿಗೆ ನಂಬಿಕೆಯೇ ಬಂಡವಾಳ. ಸುಳ್ಳು ತುಂಬಿದವಳು ಎಂಬ ಒಂದು ಸಾಲು ಅವಳ ಕಡತದಲ್ಲಿ ಸೇರಿದರೆ ಇಲ್ಲಿ ಮಾತ್ರವಲ್ಲ, ಎಲ್ಲಿಯೂ ಅವಳಿಗೆ ಈ ಕೆಲಸ ಸಿಗುವುದಿಲ್ಲ. ನೀವು ಕಳಿಸಿದ ಹೇಳಿಕೆಯನ್ನು ಅವಳಿಗೆ ತೋರಿಸಿದೆ.

“ಸಹಿ ಹಾಕ್ಬಿಡಿ ಮೇಡಂ. ನಾನೊಬ್ಳು ಹೋದ್ರೆ ಹೋಗ್ಲಿ, ಯೋಜನೆ ಉಳಿಯುತ್ತೆ,” ಎಂದಳು. ಬಾಗಿಲವರೆಗೆ ಹೋಗಿ ತಿರುಗಿದಳು. “ಒಂದೇ ಒಂದು ಕೇಳ್ಲಾ? ನಾನು ಬರೆದಿದ್ರಲ್ಲಿ ಯಾವ್ದು ಸುಳ್ಳು?”

ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರ ಇದ್ದರೆ ಹೇಳಿ.

ಒಂದು ಕುರ್ಚಿ, ಒಂದು ಪೆನ್ನು, ಇದರಿಂದ ಯಾರಿಗೇನು ನಷ್ಟ ಎನ್ನುತ್ತೀರಲ್ಲ, ಅದಕ್ಕೂ ಸಾಕ್ಷಿ ಕೊಡುತ್ತೇನೆ. ನಿಮ್ಮ ಅಭ್ಯರ್ಥಿಯ ಎದುರು ನಿಂತವರು ನಮ್ಮ ಗಣಿತದ ಮೇಷ್ಟ್ರು. ಅವರಿಗೆ ಬಿದ್ದದ್ದು ಒಂದೇ ಒಂದು ಮತ, ಅದೂ ಅವರದೇ. ಅವರ ಹೆಂಡತಿಯೂ ನಮ್ಮಲ್ಲೇ ಅಧ್ಯಾಪಕಿ, ಆ ದಿನ ಮತ ಹಾಕಿದವರು ಎಂಬುದನ್ನು ನೆನಪಿಸಿಕೊಳ್ಳಿ. ಆಕೆಯ ಬಡ್ತಿಯ ಕಡತ ಮತಪೆಟ್ಟಿಗೆಗೆ ತಾಗಿಕೊಂಡೇ ಇತ್ತು. “ಆ ಕಡತದ ಮೇಲೆ ಬೆರಳಾಡಿಸ್ತಾ ಕೂತಿದ್ರು. ನನ್ ಕೈ ತಾನಾಗೇ ಅವರ ಅಭ್ಯರ್ಥಿ ಹೆಸರಿನ ಕಡೆ ಹೋಯ್ತು,” ಎಂದರು ಆಕೆ ನನ್ನ ಮುಂದೆ ಕೂತು. ಫಲಿತಾಂಶ ಬಂದ ಸಂಜೆ ಮೇಷ್ಟ್ರು ಏನೂ ಕೇಳಲಿಲ್ಲವಂತೆ. ಎಂದಿನಂತೆ ಉಂಡರು, ಎಂದಿನಂತೆ ತಟ್ಟೆ ತೊಳೆದಿಟ್ಟರು. “ಒಂದ್ಸಲ ಬೈದಿದ್ರೆ ಸಾಕಿತ್ತು,” ಎಂದು ಆಕೆ ಅತ್ತುಬಿಟ್ಟರು. ಇದನ್ನು ಬರೆಯಬಹುದೇ ಎಂದು ಕೇಳಿದ್ದಕ್ಕೆ ಕಣ್ಣೊರೆಸಿಕೊಂಡು ಹೇಳಿದರು, “ಬರೀರಿ. ಎಲ್ಲರ ಎದುರೇ ಹಾಕಿದ್ದಲ್ವಾ, ಇನ್ನು ಮುಚ್ಚಿಡೋದೇನು?” ಅಂದಿನಿಂದ ನಿಮ್ಮನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕುಟುಂಬದಲ್ಲಿ ಪರದೆ ಯಾಕೆ ಎಂದಿರಲ್ಲ, ನಮ್ಮ ಕುಟುಂಬದ ಕಥೆ ಕೇಳಿ. ನನ್ನ ಮಾವ ದೊಡ್ಡ ಗಂಟಲಿನ ಮನುಷ್ಯ. ತಾನು ಹೇಳಿದವರಿಗೇ ಮನೆಯ ಮತವೆಲ್ಲ ಬೀಳುತ್ತದೆ ಎಂದು ಬೀದಿಗೆಲ್ಲ ಸಾರುತ್ತಿದ್ದರು. ಮತಗಟ್ಟೆಯಿಂದ ಬರುವ ದಾರಿಯಲ್ಲಿ ಪ್ರತಿ ಸಲವೂ ಅತ್ತೆಯನ್ನು ಕೇಳುವರು, “ಯಾರಿಗೆ ಹಾಕ್ದೆ?” ಅತ್ತೆಯದು ಒಂದೇ ಉತ್ತರ, “ನೀವು ಹಾಕಿದೋರಿಗೇ ಹಾಕಿದೀನಿ ಅಂದ್ಕೊಳ್ಳಿ.” ಮಾವ ಹಾಗೇ ಅಂದುಕೊಂಡು ಸಂತೋಷವಾಗಿ ಬಾಳಿ ಹೋದರು. ಈಗಲಾದರೂ ನಿಜ ಹೇಳಿ ಅತ್ತೆ ಎಂದು ಒಮ್ಮೆ ಪೀಡಿಸಿದೆ. “ಕಟ್ಕೊಂಡ ಗಂಡಂಗೇ ಹೇಳಿಲ್ಲ, ನಿಂಗೆ ಹೇಳ್ತೀನಾ? ಆ ಪರದೆ ಇದ್ದಿದ್ರಿಂದ್ಲೇ ಕಣೆ ನಾವಿಬ್ರೂ ಜಗಳ ಇಲ್ದೆ ಮನೆಗೆ ಬರ್ತಿದ್ದಿದ್ದು,” ಎಂದರು.

ಆದ್ದರಿಂದ ನನ್ನ ಬೇಡಿಕೆಗಳನ್ನು ಕೇಳಿಸಿಕೊಳ್ಳಿ. ಯಾಕಮ್ಮನ ಗುತ್ತಿಗೆಯನ್ನು ಈ ವಾರವೇ ನವೀಕರಿಸಿ; ಯಾರನ್ನಾದರೂ ಹೊರಗೆ ಹಾಕಲೇಬೇಕಿದ್ದರೆ ತಪ್ಪು ಮಾಡಿದ ನಾನಿದ್ದೇನೆ. ಅಧ್ಯಾಪಕರ ಚುನಾವಣೆಯನ್ನು ನಿಮ್ಮ ಕೋಣೆಯ ಹೊರಗೆ, ನೀವಿಲ್ಲದ ಕಡೆ, ಮತ್ತೊಮ್ಮೆ ನಡೆಸಿ. ಪರದೆಗೆ ಅನುದಾನವಿಲ್ಲ ಎಂಬ ಟಿಪ್ಪಣಿ ಬರುತ್ತದೆಂದು ಗೊತ್ತಿದ್ದರಿಂದ ನಮ್ಮ ಮನೆಯದನ್ನೇ ಬಿಚ್ಚಿ ಈ ಪತ್ರದ ಜೊತೆ ಕಳಿಸಿದ್ದೇನೆ. ಅತ್ತೆಯ ಕೋಣೆಯದು, ದಪ್ಪ ಬಟ್ಟೆ, ಆಚೆಯದು ಈಚೆಗೆ ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ಒಗೆದು ಕೊಡಬೇಕಂತೆ.

ಆ ಚುನಾವಣೆಯಲ್ಲಿ ಮೇಷ್ಟ್ರು ಗೆಲ್ಲಲೇಬೇಕೆಂದು ನಾನು ಹೇಳುತ್ತಿಲ್ಲ. ಎರಡು ಮತ ಬಿದ್ದರೂ ಸಾಕು. ಆ ಇನ್ನೊಂದು ಯಾರದ್ದಿರಬಹುದು ಎಂದು ಅಂದುಕೊಳ್ಳುತ್ತ ಅವರು ಮನೆಗೆ ಹೋಗಲಿ.

ಇಂತಿ,
ನೀವು ಈ ಪತ್ರವನ್ನು ಕೊನೆಯವರೆಗೆ ಓದದಿದ್ದರೆ ಇನ್ನೂ ಕೆಲಸದಲ್ಲಿರುವ,
ಚುನಾವಣಾ ಪ್ರಾಮಾಣಿಕತೆ ಸಂಶೋಧನಾ ಯೋಜನೆಯ ವ್ಯವಸ್ಥಾಪಕಿ