ಇಳಿಚಂದ್ರನಿಗೆ ಅನುಮತಿ ಸಿಗದ ಸೂರು

(ಪ್ರಾಂತೀಯ ಪಾರಂಪರಿಕ ಸಂರಕ್ಷಣಾ ಕಚೇರಿಯ ಮುಖ್ಯಸ್ಥರಿಗೆ, ಬೆನಾಹರ ಗ್ರಾಮದಿಂದ)

ಮಾನ್ಯರೇ,

ನೀವು ಸಂರಕ್ಷಿಸಿದ ಸೂರು ಬಿದ್ದುಹೋಗಿದೆ. ನಾವು ನೋಡಿಕೊಳ್ಳುತ್ತಿದ್ದಷ್ಟು ಕಾಲ ಅದು ನಿಂತಿತ್ತು. ನೀವು ನೋಡತೊಡಗಿದ ಮೇಲೆ ಬಿತ್ತು. ದೃಷ್ಟಿ ತಾಕಿತು ಅನ್ನೋಣವೆಂದರೆ ನಿಮ್ಮ ದೃಷ್ಟಿ ಸೂರಿನ ಮೇಲೆ ಇದ್ದದ್ದೇ ಅನುಮಾನ. ಅದು ಕಡತದ ಮೇಲಿತ್ತು. ಕಡತ ಮೆಲ್ಲಗೆ ನಡೆಯಿತು, ಕೊರೆತ ಬೇಗ ಬೇಗ ನಡೆಯಿತು.

ಬಿದ್ದದ್ದು ಯಾವುದು ಎಂದು ನೀವು ಕೇಳಬಹುದು. ನಿಮ್ಮ ಕೈಕೆಳಗೆ ಬೀಳುವಂಥ ಸೂರುಗಳು ಬಹಳ. ಇದು ಮೇಲಿನ ಕೇರಿಯದು. ನನ್ನ ಮನೆಗೂ ಎದುರಿನ ಅಂಗುಸ್ತಿಯಾಸಳ ಮನೆಗೂ ನಡುವೆ, ಬೀದಿಯ ಮೇಲೆಯೇ, ತೊಲೆಗಳ ಬೆನ್ನೇರಿ ಕೂತಿದ್ದ ಕೋಣೆ. ನಾವು ತಿನಾವೊ ಎನ್ನುತ್ತೇವೆ. ಕೆಳಗೆ ಹೇಸರಗತ್ತೆಗಳು, ಮದುವೆಗಳು, ಶವಯಾತ್ರೆಗಳು ಹೋಗುತ್ತಿದ್ದವು. ಮೇಲೆ ನಾವು ಬೆಳ್ಳುಳ್ಳಿ ಒಣಗಿಸುತ್ತಿದ್ದೆವು. ಅದಕ್ಕೆ ನನ್ನ ಕಡೆ ಒಂದು ಬಾಗಿಲು, ಅವಳ ಕಡೆ ಒಂದು ಬಾಗಿಲು. ಕೋಣೆ ಯಾರದೆಂದು ಊರಿನಲ್ಲಿ ಯಾರೂ ಕೇಳಿದ್ದಿಲ್ಲ. ಮೊದಲು ಕೇಳಿದ್ದು ನಿಮ್ಮ ಕಚೇರಿ. 'ಮಾಲೀಕರು' ಎಂಬ ಜಾಗದಲ್ಲಿ ನಾನು 'ಗಾಳಿ' ಎಂದು ಬರೆದೆ. ಅದಕ್ಕೇ ಒಂದು ಚಳಿಗಾಲ ಹೋಯಿತು. ಗಾಳಿಯ ಗುರುತಿನ ಚೀಟಿ ಹುಡುಕುತ್ತಿದ್ದಿರೋ ಏನೋ.

ಅಂಗುಸ್ತಿಯಾಸಳ ಮಂಡಿ ಕೈಕೊಟ್ಟು ವರ್ಷಗಳಾದವು. ಮಂಡಿ ಕೈಕೊಡುವುದು ಹೇಗೆ ಎಂದು ಕೇಳಬೇಡಿ, ನಮ್ಮೂರಿನಲ್ಲಿ ಎಲ್ಲವೂ ಸಾಧ್ಯ. ಅವಳು ಮೆಟ್ಟಿಲಿಳಿದು ಬೀದಿಗೆ ಬರುವುದನ್ನು ಬಿಟ್ಟಿದ್ದಳು. ಆದರೆ ಪ್ರತಿ ಮಧ್ಯಾಹ್ನ, ಊಟದ ತಟ್ಟೆ ತೊಳೆದಿಟ್ಟು, ತನ್ನ ಬಾಗಿಲು ತೆಗೆದು, ತಿನಾವೊ ದಾಟಿ ನನ್ನ ಒಲೆಯ ಬಳಿ ಬಂದು ಕೂರುತ್ತಿದ್ದಳು. ಇಸ್ಪೀಟು ಆಡುತ್ತಿದ್ದೆವು. ನಾನು ಮೋಸ ಮಾಡುತ್ತಿದ್ದೆ, ಅವಳೂ ಮಾಡುತ್ತಿದ್ದಳು, ಅವಳ ಮೋಸ ಹೆಚ್ಚು ಅಚ್ಚುಕಟ್ಟು. ನನ್ನ ಹೆಂಡತಿ ರೆಮೆದಿಯೋಸ್ ತೀರಿಕೊಂಡ ಮೇಲೆ ನಾನು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಆ ಇಸ್ಪೀಟೆಲೆಗಳ ಮೇಲೆಯೇ ಆಡಿದ್ದು. ನಿಮ್ಮ ವರದಿಯಲ್ಲಿ ಈ ಕೋಣೆಯನ್ನು 'ಇಸ್ಲಾಮೀ ಕಾಲದ ಪ್ರಭಾವವುಳ್ಳ ಮೇಲ್ಸೇತುವೆ ಮಾದರಿಯ ರಚನೆ' ಎಂದು ಬರೆದಿದ್ದೀರಿ. ಸೇತುವೆ ಎಂಬ ಮಾತು ಬರೆದ ಕೈ, ಅದರ ಎರಡು ತುದಿಯಲ್ಲಿ ಯಾರಿದ್ದಾರೆಂದು ತಿರುಗಿ ನೋಡಬಾರದಿತ್ತೇ?

ಇನ್ನು ಆ ಸೂರಿನ ಮಾತು. ನಮ್ಮ ಅಲ್ಪುಹಾರದ ಬೆಟ್ಟದಲ್ಲಿ ಸೂರುಗಳು ಚಪ್ಪಟೆ. ತೊಲೆ, ಅದರ ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಬೂದುನೀಲಿ ಮಣ್ಣು. ಆ ಮಣ್ಣು ನೀರು ಕಂಡರೆ ಬಾಯಿ ಮುಚ್ಚಿಕೊಳ್ಳುತ್ತದೆ. ಈ ಗುಣ ಅಧಿಕಾರಿಗಳಲ್ಲಿ ಅಪರೂಪ. ಇದನ್ನು ನಮ್ಮವರಿಗೆ ಕಲಿಸಿದವರು ಮುಸಲ್ಮಾನರು. ನೂರಾರು ವರ್ಷಗಳ ಹಿಂದೆ ರಾಜ ಅವರನ್ನು ಓಡಿಸಿ, ಉತ್ತರದಿಂದ ನಮ್ಮ ಪೂರ್ವಿಕರನ್ನು ತಂದು ಅವರ ಮನೆಗಳಲ್ಲಿ ಕೂರಿಸಿದ. ಮೊದಲ ಮಳೆಗೆ ನಮ್ಮವರು ಒದ್ದೆಮುದ್ದೆ. ಆಗ ಓಡಿಸದೆ ಉಳಿಸಿಕೊಂಡಿದ್ದ ಒಂದೆರಡು ಮನೆತನದವರು ಬಂದು, ತಮ್ಮ ನೆಂಟರ ಮನೆಯ ಸೂರಿಗೆ ಮಣ್ಣು ಹಾಕುವುದು ಹೇಗೆಂದು ಈ ಪರಕೀಯರಿಗೆ ತೋರಿಸಿಕೊಟ್ಟರು ಎಂದು ಊರಿನಲ್ಲಿ ಹೇಳುತ್ತಾರೆ. ನಾನು ಜೀವಮಾನವಿಡೀ ತಮಾಷೆ ಮಾಡಿಕೊಂಡು ಬಂದವನು, ಆದರೆ ಈ ಕತೆಯ ಮೇಲೆ ಒಂದು ತಮಾಷೆಯನ್ನೂ ಕಟ್ಟಲಾಗಲಿಲ್ಲ. ತನ್ನ ಮನೆ ಕಿತ್ತುಕೊಂಡವನ ತಲೆ ನೆನೆಯಬಾರದೆಂದು ಆ ಮನುಷ್ಯ ಏಣಿ ಹತ್ತಿದ್ದನಲ್ಲ, ಅವನು ಯಾರಿಂದ ಅನುಮತಿ ಪಡೆದಿದ್ದ?

ಅವನು ಕಲಿಸಿದ್ದರಲ್ಲಿ ಒಂದು ಕಟ್ಟಳೆ ಇದೆ. ಮಣ್ಣು ಹಾಕುವುದು ಇಳಿಚಂದ್ರನಲ್ಲಿ ಮಾತ್ರ. ಬೆಳೆಯುವ ಚಂದ್ರನಲ್ಲಿ ಹಾಕಿದ ಮಣ್ಣು ತಾನೂ ಬೆಳೆಯಲು ಹೋಗಿ ಬಿರಿಯುತ್ತದೆ. ಇದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ನಮ್ಮೂರಿನಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಿಲ್ಲ, ಏಕೆಂದರೆ ಪರೀಕ್ಷೆಗೆಂದು ತನ್ನ ಸೂರು ಕೊಡುವ ಪುಣ್ಯಾತ್ಮ ಹುಟ್ಟಿಲ್ಲ.

ನೀವು ಬಂದು ಬೀದಿಯ ಮೂಲೆಯಲ್ಲಿ 'ಸಂರಕ್ಷಿತ ವಲಯ' ಎಂಬ ಫಲಕ ನೆಟ್ಟಿರಿ. ಅಂದಿನಿಂದ ಸೂರು ಮುಟ್ಟಲು ಅನುಮತಿ ಬೇಕಾಯಿತು. ಸೂರಿಗೆ ಮಣ್ಣು ಹಾಕಲು ಅರ್ಜಿ, ನಮ್ಮ ಬಾಯಿಗೆ ಮಣ್ಣು ಹಾಕಲು ಮಾತ್ರ ಅರ್ಜಿ ಬೇಡ. ಕೇಳಿದೆವು. ಕಾದೆವು. ಕೊನೆಗೆ ಅನುಮತಿ ಬಂತು, ಮತಿ ಬರಲಿಲ್ಲ. ಕೆಲಸಕ್ಕೆಂದು ನೀವು ಗೊತ್ತುಮಾಡಿ ಕೊಟ್ಟ ಒಂದು ವಾರವಿಡೀ ಚಂದ್ರ ಬೆಳೆಯುತ್ತಿದ್ದ.

ಪ್ಲಾಸಿದೊನ ಹೋಟೆಲಿನಲ್ಲಿ ಕೇರಿಯವರೆಲ್ಲ ಸೇರಿದೆವು. ಮಳೆ ಹತ್ತಿರ ಬಂದಿದೆ, ಸಿಕ್ಕ ವಾರದಲ್ಲಿ ಮುಗಿಸೋಣ ಎಂದು ನಮ್ಮ ಊರಧ್ಯಕ್ಷೆ ಹೇಳಿದಳು. ಚಂದ್ರನಿಗೆ ಲಂಚ ಕೊಟ್ಟು ಒಂದು ವಾರ ಸಣ್ಣಗಾಗು ಎಂದು ಕೇಳೋಣ ಎಂದೆ ನಾನು. ಎಲ್ಲರೂ ನಕ್ಕರು, ಯಾರೂ ಸಲಿಕೆ ಎತ್ತಲಿಲ್ಲ. ಅಂಗುಸ್ತಿಯಾಸಳನ್ನು ಕೇಳಿ ಬರಲು ನನ್ನನ್ನೇ ಕಳಿಸಿದರು. ಅವಳು ಇಸ್ಪೀಟೆಲೆ ಕಲಸುವುದನ್ನು ನಿಲ್ಲಿಸಲೇ ಇಲ್ಲ.

"ಬೆಳೆಯೋ ಚಂದ್ರನಲ್ಲಿ ನನ್ನ ಸೂರು ಮುಟ್ಟಿದ್ರೆ ನಿನ್ನ ಕೈ ಮುರೀತೀನಿ, ಲಿಯಾಂದ್ರೊ. ಇಷ್ಟು ದಿನ ಕಾದಿದೆ, ಇನ್ನೊಂದು ಚೂರು ಕಾಯುತ್ತೆ. ಅವರಿಗೆ ಬಿಡಿಸಿ ಬರಿ, ಅವರೂ ಮನುಷ್ಯರೇ ಅಲ್ವಾ?"

ಬಿಡಿಸಿ ಬರೆದೆವು. ನಿಮ್ಮ ಉತ್ತರ ಬಂತು: ನಿಯಮಾವಳಿಯಲ್ಲಿ ಚಂದ್ರನನ್ನು ಪರಿಗಣಿಸಲು ಅವಕಾಶವಿಲ್ಲ. ಮಾನ್ಯರೇ, ನಿಮ್ಮ ಫಲಕದ ನೆತ್ತಿಯ ಮೇಲೆ ಏನಿದೆ, ನೋಡಿದ್ದೀರಾ? ಅರ್ಧಚಂದ್ರ. ಹಸಿರು ಬಣ್ಣದ್ದು, ಪ್ರವಾಸಿಗಳು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಸಲ್ಮಾನರ ಚಂದ್ರ ಫಲಕಕ್ಕೆ ಬೇಕು, ಅವರ ಮಣ್ಣಿಗೆ ಬೇಡವೇ? ಅವರ ಮಿನಾರಿನಲ್ಲಿ ನಾವು ಚರ್ಚಿನ ಗಂಟೆ ಕಟ್ಟಿ ಬಾರಿಸುತ್ತಿದ್ದೇವೆ, ಅದನ್ನು ಪರಂಪರೆ ಎನ್ನುತ್ತೀರಿ. ಅವರು ಕಲಿಸಿದ ಕೆಲಸವನ್ನು ಅವರು ಹೇಳಿದ ಹೊತ್ತಿನಲ್ಲಿ ಮಾಡಿದರೆ ಅಪರಾಧ ಎನ್ನುತ್ತೀರಿ. ನೀವು ಕಾಪಾಡುತ್ತಿರುವುದು ಯಾರ ನೆನಪನ್ನು?

ಮುಂದಿನ ಅನುಮತಿ ಬರುವ ತನಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಎಂದಿರಿ. ಹೊದಿಸಿದೆವು. ಬೆಟ್ಟದ ಗಾಳಿ ಅದನ್ನು ಕಣಿವೆಗೆ ಒಯ್ದಿತು. ನೀರು ಹಳೆಯ ಮಣ್ಣಿನ ಬಿರುಕು ಹುಡುಕಿಕೊಂಡು ತೊಲೆಯ ಬುಡ ಸೇರಿತು. ಆಮೇಲೆ ಹಿಮ ಬಿತ್ತು, ಹಿಮದ ಭಾರವೂ ಕೂಡಿತು.

ಬಿದ್ದದ್ದು ಮಧ್ಯಾಹ್ನ. ಬೀದಿಯಲ್ಲಿ ಯಾರೂ ಇರಲಿಲ್ಲ, ಅಷ್ಟು ದಯೆ ಆ ಸೂರಿಗಿತ್ತು. ಸದ್ದು ಕೇಳಿ ನಾನು ನನ್ನ ಕಡೆಯ ಬಾಗಿಲು ತೆಗೆದೆ. ಸೂರು ನೆಲವನ್ನೂ ಎಳೆದುಕೊಂಡು ಹೋಗಿತ್ತು, ಮುಂದೆ ಕೋಣೆಯಿರಲಿಲ್ಲ, ಧೂಳಿತ್ತು. ಧೂಳು ಇಳಿಯುವ ಹೊತ್ತಿಗೆ ಎದುರಿನ ಬಾಗಿಲೂ ತೆರೆಯಿತು. ಅಂಗುಸ್ತಿಯಾಸ್ ಹೊಸ್ತಿಲಲ್ಲಿ ನಿಂತಿದ್ದಳು, ಎಪ್ರನ್ನಿನ ಜೇಬಿನಲ್ಲಿ ಇಸ್ಪೀಟು ಕಟ್ಟು. ಅವಳಿಗೆ ಕಿವಿ ಮಂದ, ಏನೂ ಕೇಳಿಸಿರಲಿಲ್ಲ. ಅವಳು ಕೆಳಗೆ ನೋಡಲಿಲ್ಲ, ಮೇಲೆ ನೋಡಿದಳು. ಅಲ್ಲಿ ಬರೀ ಆಕಾಶ. ಆಮೇಲೆ ನನ್ನನ್ನು ನೋಡಿದಳು.

"ಎಲ್ಲಿ ಬಚ್ಚಿಟ್ಟೆ?" ಎಂದಳು. "ಲಿಯಾಂದ್ರೊ, ಇದು ಚೆನ್ನಾಗಿಲ್ಲ. ವಾಪಸ್ ಇಡು."

ನಾನು ಮಾಡಿದ ಚೇಷ್ಟೆ ಎಂದುಕೊಂಡಿದ್ದಳು, ಮಾನ್ಯರೇ. ಈ ಊರಿನಲ್ಲಿ ಏನು ಕಾಣೆಯಾದರೂ ನನ್ನ ಹೆಸರೇ ಮೊದಲು ಬರುವುದು. ಪಾದ್ರಿಯ ಟೋಪಿಯಾದರೂ ಅಷ್ಟೇ, ಬ್ರೆಡ್ಡಿನವನ ಗಂಟೆಯಾದರೂ ಅಷ್ಟೇ. ನಾನೇ ಮಾಡಿದ್ದು ಎಂದು ಹೇಳಿಬಿಡಬೇಕು ಎನಿಸಿತು. ನಾನು ಬಚ್ಚಿಟ್ಟದ್ದನ್ನು ಯಾವಾಗಲೂ ವಾಪಸ್ ಕೊಟ್ಟಿದ್ದೇನೆ. ಎರಡು ಬಾಗಿಲಲ್ಲಿ ಇಬ್ಬರೂ ನಿಂತಿದ್ದೆವು, ನಡುವೆ ಒಂದು ಜಿಗಿತದಷ್ಟು ಅಗಲದ ಬೀದಿ. ಆ ಜಿಗಿತ ಇಬ್ಬರ ಕಾಲಿನಲ್ಲೂ ಉಳಿದಿರಲಿಲ್ಲ.

ಆಸರೆ ತಪ್ಪಿದ ಮೇಲೆ ಅವಳ ಗೋಡೆ ಬಾಗಿತು. ವಾಸಕ್ಕೆ ಯೋಗ್ಯವಲ್ಲ ಎಂದು ನೀವು ಬರೆದಿರಿ, ಈ ಸಲ ಮಾತ್ರ ತಡಮಾಡದೆ ಬರೆದಿರಿ. ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ, ಕೆಳಗೆ ಸಮುದ್ರದ ಪಕ್ಕದ ಪಟ್ಟಣದ ವೃದ್ಧಾಶ್ರಮಕ್ಕೆ ಒಯ್ದರು. ಈಗ ನೀವು ಕಳಿಸಿರುವ ನಕಾಶೆ ನೋಡಿದೆ. ಬಿದ್ದ ಜಾಗದಲ್ಲಿ ಕಾಂಕ್ರೀಟ್ ಹಲಗೆ, ಅದಕ್ಕೆ ಬೂದುನೀಲಿ ಬಣ್ಣ, ಎರಡೂ ಬಾಗಿಲಿಗೆ ಇಟ್ಟಿಗೆ. ಪ್ರವಾಸಿಗಳಿಗೆ ಕೆಳಗಿನಿಂದ ಹಾಗೆಯೇ ಕಾಣಿಸುತ್ತದೆಯಂತೆ. ಅಂದರೆ ಸೂರಿನ ವೇಷ ಇರುತ್ತದೆ, ಸೂರು ಇರುವುದಿಲ್ಲ. ಬಾಗಿಲಿಲ್ಲದ ಕೋಣೆಯನ್ನು ಕಟ್ಟುವ ಯೋಚನೆ ಆ ಮುಸಲ್ಮಾನನಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಅದಕ್ಕೆ ಒಂದು ಕಚೇರಿ ಬೇಕಾಯಿತು.

ಹೋದ ಭಾನುವಾರ ಬಸ್ಸು ಹಿಡಿದು ಅವಳನ್ನು ನೋಡಲು ಹೋಗಿದ್ದೆ. ಅವಳ ಕಿಟಕಿಗೆ ಎದುರಾಗಿ ಇನ್ನೊಂದು ಕಟ್ಟಡದ ಗೋಡೆ. ಚಂದ್ರ ಈಗ ಇಳೀತಿದಾನಾ ಬೆಳೀತಿದಾನಾ ಇಲ್ಲಿ ಗೊತ್ತೇ ಆಗಲ್ಲ ಕಣೋ ಎಂದಳು. ಇಲ್ಲಿಯವರು ಇಸ್ಪೀಟಿನಲ್ಲಿ ಮೋಸ ಮಾಡೋದೇ ಇಲ್ಲ, ಗೆದ್ದರೂ ಗೆದ್ದ ಹಾಗಾಗಲ್ಲ ಎಂದಳು. ಆಮೇಲೆ ನನ್ನ ತೋಳು ಹಿಡಿದು ಕೇಳಿದಳು: "ಮಣ್ಣು ಹಾಕಿದ್ರಾ?"

"ಹಾಕಿದ್ವಿ" ಎಂದೆ.

"ಇಳಿಚಂದ್ರನಲ್ಲಾ?"

"ಇಳಿಚಂದ್ರನಲ್ಲೇ. ಕೇರಿಯವರೆಲ್ಲ ಬಂದು ತುಳಿದರು. ಒಣಗಬೇಕು, ಆಮೇಲೆ ಕರ್ಕೊಂಡು ಹೋಗ್ತೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಸುಳ್ಳನ್ನು ಹಿಡಿಯದೆ ಬಿಟ್ಟವಳಲ್ಲ ಅವಳು. ಅಂದು ಹಿಡಿಯಲಿಲ್ಲ. ಹಾಗಾದ್ರೆ ಬಟ್ಟೆ ಕಟ್ಟಿಟ್ಕೋತೀನಿ ಎಂದಳು. ನಾನು ಬಸ್ಸಿಗೆ ಹೊರಡುವಾಗ ನರ್ಸಿನ ಹತ್ತಿರ ಪೆಟ್ಟಿಗೆ ಕೇಳುತ್ತಿದ್ದಳು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ಕಾಂಕ್ರೀಟಿನ ನಕಾಶೆ ವಾಪಸ್ ತೆಗೆದುಕೊಳ್ಳಿ. ತೊಲೆಗಳನ್ನು ನಾವೇ ಕಡಿದು ತಂದು ಚರ್ಚಿನ ಗೋಡೆಗೆ ಒರಗಿಸಿದ್ದೇವೆ. ಅವಳ ಗೋಡೆಗೆ ಆಸರೆ ಕೊಡುವವರೂ ನಾವೇ, ಮಣ್ಣು ಹೊರುವವರೂ ನಾವೇ. ನೀವು ಮಾಡಬೇಕಾದದ್ದು ಒಂದು ಸಹಿ, ಅದರ ಕೆಳಗೆ ವಾರ ತಾರೀಖು ಏನೂ ಬೇಡ. ಮುಂದಿನ ಇಳಿಚಂದ್ರನಲ್ಲಿ ನಾವು ಸೂರು ಹತ್ತುತ್ತೇವೆ. ಸಹಿ ಬಂದಿದ್ದರೆ ನಿಮ್ಮ ಹೆಸರು ಹೇಳಿಕೊಂಡು ಹತ್ತುತ್ತೇವೆ, ಬಂದಿಲ್ಲದಿದ್ದರೆ ನಿಮ್ಮ ಹೆಸರು ಹೇಳದೆ ಹತ್ತುತ್ತೇವೆ. ಪೊಲೀಸರನ್ನು ಕಳಿಸುವುದಾದರೆ ಗಟ್ಟಿಮುಟ್ಟಾದವರನ್ನು ಕಳಿಸಿ, ಆ ಮಣ್ಣು ಬಹಳ ಭಾರ.

ನಾನು ಬಹಳ ಸುಳ್ಳು ಹೇಳಿದ್ದೇನೆ, ಎಲ್ಲವೂ ನಗಿಸಲು ಹೇಳಿದವು. ಇದೊಂದು ನಿಜವಾಗಬೇಕು. ಅವಳು ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಾಳೆ.

ಇಂತಿ,
ನಿಮ್ಮ ಸಂರಕ್ಷಿತ ವಲಯದ ಅಸಂರಕ್ಷಿತ ನಿವಾಸಿ,
ಆಕಾಶಕ್ಕೆ ತೆರೆಯುವ ಬಾಗಿಲಿನ ಒಡೆಯ,
ಲಿಯಾಂದ್ರೊ